ಒಂದು ನಂಬರಿಗಾಗಿ ಒಂದು ಬೆಂಜ್

ಸಬೀಹ್ ತನ್ನ ಕಾರಿನ ಬಾನೆಟ್ ಎತ್ತಿದನೆಂದರೆ ನಮ್ಮ ಓಣಿಗೆ ಶುಕ್ರವಾರ ಬಂತೆಂದೇ ಲೆಕ್ಕ. ವಾರದ ಉಳಿದ ದಿನಗಳಲ್ಲಿ ಅವನು ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ದುಡಿಯುತ್ತಿದ್ದ. ರಜೆಯ ದಿನವಾದ ಶುಕ್ರವಾರ ಮಾತ್ರ ಬೆಂಜ್‌ಗೆ ಮೀಸಲು. ಅವನ ಮನೆಯ ಎದುರಿಗೇ ನನ್ನ ಕ್ಷೌರದ ಅಂಗಡಿ. ಗಿರಾಕಿಯ ಅರ್ಧ ಗಡ್ಡ ಹೆರೆದು, ಕತ್ತಿ ಕೈಯಲ್ಲಿ ಹಿಡಿದುಕೊಂಡೇ ರಸ್ತೆ ದಾಟಿ, ಅವನ ಇಂಜಿನ್ನಿಗೆ ಕಿವಿ ಕೊಟ್ಟು ಬಂದದ್ದುಂಟು. ಗಿರಾಕಿಗಳು ಬೈಯುತ್ತಿದ್ದರು, ಬೈಯಲಿ. ನನ್ನ ಹತ್ತಿರವೂ ಒಂದು ಹಳೆಯ ಓಪೆಲ್ ಇತ್ತು. ಬಾಗ್ದಾದಿನಲ್ಲಿ ಜರ್ಮನಿಯ ಹಳೆ ಗಾಡಿ ಸಾಕಿದವರೆಲ್ಲ ಒಂದೇ ಜಾತಿ. ಆ ಜಾತಿಯೊಳಗೂ ಬೆಂಜ್‌ನವರು ಓಪೆಲ್‌ನವರನ್ನು ಒಂದು ಮಣೆ ಕೆಳಗೇ ಕೂರಿಸುತ್ತಿದ್ದರು.

"ಅಬು ರಾಫಿದ್, ನಿನ್ನ ಓಪೆಲ್ ಕೆಮ್ಮು ವಾಸಿ ಆಯ್ತಾ?" ಎಂದು ಅವನು ಆಚೆ ಬದಿಯಿಂದ ಕೂಗುವನು. ರಾಫಿದ್ ನನ್ನ ಮಗ; ನಮ್ಮಲ್ಲಿ ಅಪ್ಪಂದಿರನ್ನು ಹೀಗೆ ಮಗನ ಹೆಸರು ಹಿಡಿದೇ ಕರೆಯುವುದು.

"ಕೆಮ್ಕೊಂಡಾದ್ರೂ ಊರು ಸುತ್ತತ್ತೆ. ನಿಂದು ಮದುಮಗಳ ಹಾಗೆ ವಾರವಾರ ಸಿಂಗಾರ ಮಾಡಿಸ್ಕೊಂಡು ಅಲ್ಲೇ ಕೂತಿರತ್ತೆ" ಎಂದು ನಾನು.

ಇರಾನಿನ ಜೊತೆಗಿನ ಯುದ್ಧ ಮುಗಿದು, ಸೈನ್ಯದಿಂದ ಜೀವಸಹಿತ ಬಂದ ವರ್ಷ ಅವನು ಅದನ್ನು ಕೊಂಡದ್ದು. ಎಪ್ಪತ್ತೈದರ ಮಾಡೆಲ್, ಆಲಿವ್ ಕಾಯಿಯ ಬಣ್ಣ. ಒಳಗಿನ ನೆಲ ತುಕ್ಕು ತಿಂದು, ಕಾಲಿಡುವ ಜಾಗದಲ್ಲಿ ರಸ್ತೆಯೇ ಕಾಣುತ್ತಿತ್ತು. ಅದಕ್ಕೆ ಹೊಸ ನೆಲ ಹಾಕುವಷ್ಟರಲ್ಲಿ ಹೊರದೇಶಗಳು ನಮ್ಮ ಮೇಲೆ ಹೇರಿದ ನಿರ್ಬಂಧದ ವರ್ಷಗಳು ಬಂದವು. ಹೊರಗಿನಿಂದ ಔಷಧಿಯೇ ಬರುತ್ತಿರಲಿಲ್ಲ, ಇನ್ನು ಕಾರಿನ ಬೋಲ್ಟು ಯಾರು ತರುತ್ತಾರೆ? ಹೆಂಡತಿ ಬದ್ರಿಯಾಳ ಚರ್ಮದ ಚೀಲವನ್ನು ಕತ್ತರಿಸಿ ನೀರಿನ ಪಂಪಿಗೆ ಸೀಲ್ ಮಾಡಿದ. ಇಂಜಿನ್ನಿನ ತಲೆ ಬಿಚ್ಚಿ ಗ್ಯಾಸ್ಕೆಟ್ ಸುಟ್ಟಿರುವುದನ್ನು ಕಂಡಾಗ, ಅವಳು ತವರಿನಿಂದ ತಂದಿದ್ದ ದೊಡ್ಡ ತಾಮ್ರದ ತಟ್ಟೆಯನ್ನು ಕಾಯಿಸಿ, ಬಡಿದು, ಅಳತೆಗೆ ಕೊರೆದು ಕೂರಿಸಿಬಿಟ್ಟ. ನೆಂಟರು ಬಂದ ದಿನ ತಟ್ಟೆ ಹುಡುಕಿದ ಬದ್ರಿಯಾಗೆ ವಿಷಯ ತಿಳಿದು, ಇಡೀ ಓಣಿ ಕೇಳುವಂತೆ ಅವನ ಜನ್ಮ ಜಾಲಾಡಿದಳು. ಆದರೆ ಮಾರನೆಯ ಶುಕ್ರವಾರ ಆ ಕಾರಿನಲ್ಲೇ ಕೂತು ತವರಿಗೆ ಹೋದಳು.

ನಿರ್ಬಂಧ ಸಡಿಲವಾದ ಮೇಲೆ ಅವನ ಕೈ ಇನ್ನಷ್ಟು ಉದ್ದವಾಯಿತು. ಹೊಸ ಕಾಲದ ಬೆಂಜ್‌ನಿಂದ ಐದು ಗೇರಿನ ಪೆಟ್ಟಿಗೆ ತಂದು, ಅದಕ್ಕೆ ಹೊಂದುವಂತೆ ಹಿಂದಿನ ಚಕ್ರಕ್ಕೆ ಹೋಗುವ ದಂಡವನ್ನು ಶೇಖ್ ಉಮರ್ ರಸ್ತೆಯ ಲೇತಿನಲ್ಲಿ ಗಿಡ್ಡ ಮಾಡಿಸಿದ. ನಮ್ಮೂರ ಬೇಸಿಗೆಗೆಂದು ಅಗಲವಾದ ರೇಡಿಯೇಟರ್, ಎರಡು ಫ್ಯಾನು, ಇನ್ಯಾವುದೋ ಕಾರಿನ ಏಸಿ. ಹೊರಗಿನಿಂದ ನೋಡಿದರೆ ಮುದುಕ, ಒಳಗೆ ಪ್ರಾಯದ ಹುಡುಗ. ಅವನ ಮಗ ನಿಬ್ರಾಸ್ ಓಡಿಸಲು ಕಲಿತದ್ದೂ ಅದರಲ್ಲೇ.

ಆಮೇಲೆ ಆ ಹಾಳು ನಿಯಮ ಬಂತು. ಊರಿನಲ್ಲಿ ಕಾರು ಹೆಚ್ಚಾದವಂತೆ. ಬಾಂಬುಗಳ ಭಯಕ್ಕೆ ರಸ್ತೆಗಳಿಗೆ ಅಡ್ಡಲಾಗಿ ನಿಲ್ಲಿಸಿದ ಕಾಂಕ್ರೀಟ್ ಗೋಡೆಗಳು ದೊಡ್ಡವರ ಕಣ್ಣಿಗೆ ಬೀಳಲಿಲ್ಲ, ನಮ್ಮ ಹಳೆ ಗಾಡಿಗಳು ಬಿದ್ದವು. ಹೊಸ ಕಾರಿಗೆ ನಂಬರು ಬೇಕಾದರೆ ಒಂದು ಹಳೆ ಕಾರನ್ನು ಸರ್ಕಾರಿ ಅಂಗಳಕ್ಕೆ ಒಯ್ದು, ಅವರ ಕಣ್ಣೆದುರು ಚಪ್ಪಟೆ ಮಾಡಿಸಬೇಕು. ಮರುದಿನದಿಂದಲೇ ಹಳೆ ಕಾರು ಕೊಳ್ಳಲು ದಲ್ಲಾಳಿಗಳು ಓಣಿ ಓಣಿ ಸುತ್ತಿದರು. ಕಾರು ಹಳೆಯದಾಗಿದ್ದರೆ ಸಾಕು, ಓಡುತ್ತದೋ ಇಲ್ಲವೋ ಯಾರಿಗೂ ಬೇಕಿರಲಿಲ್ಲ. ನಮ್ಮ ಶುಕ್ರವಾರದ ಗೆಳೆಯರ ಗಾಡಿಗಳು ಒಂದೊಂದಾಗಿ ಹೋದವು. ಹೆಂಡತಿಯ ಆಪರೇಷನ್ನಿಗೆಂದು ನನ್ನ ಓಪೆಲ್ ಕೂಡ ಹೋಯಿತು. ಆ ಸಿಟ್ಟಿಗೆ ಸಬೀಹ್ ಒಂದು ತಿಂಗಳು ಗಡ್ಡ ಹೆರೆಸಲು ಬೇರೆ ಅಂಗಡಿಗೆ ಹೋದ. ಆ ಬೇರೆ ಅಂಗಡಿಯವನು ಅವನ ಗಲ್ಲ ಕುಯ್ದು ಕಳಿಸಿದ ಮೇಲೆ ರಾಜಿಯಾದ.

ನಿಬ್ರಾಸ್ ಓದು ಮುಗಿಸಿ ಮನೆಯಲ್ಲಿ ಕೂತಿದ್ದ. ಶಿಫಾರಸು ಮಾಡುವವರು ಇಲ್ಲದೆ ನಮ್ಮಲ್ಲಿ ಕೆಲಸ ಸಿಗುವುದಿಲ್ಲ. ಅವನಿಗೆ ಟ್ಯಾಕ್ಸಿ ಓಡಿಸುವ ಆಸೆ. ಬದ್ರಿಯಾಳ ಅಣ್ಣ ಹಾಜಿ ಫರ್ಹಾನ್ ಹೊಸ ಟ್ಯಾಕ್ಸಿ ಕೊಡಿಸಲು ತಯಾರಿದ್ದ. ಅದಕ್ಕೊಂದು ನಂಬರು ಬೇಕಿತ್ತು, ಅಷ್ಟೇ. ಒಂದು ದಿನ ನನ್ನ ಕುರ್ಚಿಯಲ್ಲಿ ಕೂತು, ಮುಖದ ತುಂಬ ಸೋಪಿನ ನೊರೆ ಇಟ್ಟುಕೊಂಡೇ ಹಾಜಿ ಶುರು ಮಾಡಿದ. ಸಬೀಹ್ ಬೆಂಚಿನ ಮೇಲೆ ಕೂತಿದ್ದ.

"ಕಾರು ನಾನು ಕೊಡಿಸ್ತೀನಿ. ನಂಬರ್ ಒಂದು ನಿನ್ನ ಪಾಲಿಗೆ. ಆ ತಗಡಿನ ಡಬ್ಬ ಕೊಟ್ಬಿಟ್ರೆ ಹುಡುಗ ದಡ ಸೇರ್ತಾನೆ."

"ಟ್ಯಾಕ್ಸಿ ಅಂದ್ರೆ ಬೆಳಗ್ಗೆಯಿಂದ ಸಂಜೆತನಕ ರಸ್ತೆ ಮೇಲೇ ಇರಬೇಕು. ಎಲ್ಲಿ ಏನು ಸಿಡಿಯತ್ತೋ ಯಾರಿಗೆ ಗೊತ್ತು? ಬೇರೆ ಏನಾದ್ರೂ ನೋಡೋಣ" ಎಂದ ಸಬೀಹ್.

"ರೊಟ್ಟಿ ತರೋಕೆ ಹೋದವರು ಸತ್ತಿಲ್ವಾ? ಮಸೀದಿಗೆ ಹೋದವರು ಸತ್ತಿಲ್ವಾ? ಭಯ ಅಂತೆ ಭಯ. ನೆಪ ಹೇಳಬೇಡ ಕಣಯ್ಯ. ಆ ಬಾನೆಟ್ಟಿನೊಳಗೆ ತಲೆ ತೂರಿಸಿ ತೂರಿಸಿ ನಿನಗೆ ಮಗನಿಗಿಂತ ಅದೇ ಹೆಚ್ಚಾಗಿದೆ. ನೇರವಾಗಿ ಒಪ್ಕೊ."

ನನ್ನ ಕೈಯಲ್ಲಿ ಕತ್ತಿ ಇತ್ತು, ಹಾಜಿಯ ಕತ್ತೂ ಹತ್ತಿರವೇ ಇತ್ತು. ದೇವರು ತಾಳ್ಮೆ ಕೊಟ್ಟ. ಆದರೆ ಆ ಮಾತು ಅಂಗಡಿಯಲ್ಲಿ ನಿಲ್ಲಲಿಲ್ಲ. ಓಣಿಯ ಬಾಯಿಂದ ಬಾಯಿಗೆ ಹೋಯಿತು. ಬೇರೆಯವರ ಮನೆಯವರು ತ್ಯಾಗ ಮಾಡುವುದೆಂದರೆ ಈ ಜನಕ್ಕೆ ಬಲು ಇಷ್ಟ. ತರಕಾರಿಯವನು ಕೂಡ ಸಬೀಹ್‌ಗೆ ಬದನೆಕಾಯಿ ತೂಗುತ್ತಾ, "ಮಗ ದೊಡ್ಡವನೋ ಬೆಂಜ್ ದೊಡ್ಡದೋ ಅಬು ನಿಬ್ರಾಸ್?" ಎಂದು ಕೇಳಿದನಂತೆ. ಊಟ ಬಡಿಸುವಾಗ ಬದ್ರಿಯಾ ಅವನ ಮುಖ ನೋಡುವುದನ್ನು ಬಿಟ್ಟಿದ್ದಳು.

ಒಂದು ಮಧ್ಯಾಹ್ನ ಅಂಗಡಿ ಖಾಲಿಯಿದ್ದಾಗ ಸಬೀಹ್ ಬಂದು ಕೂತ.

"ಅಬು ರಾಫಿದ್, ಒಂದು ಮಾತು ಹೇಳು. ನನಗೆ ಭಯ ಇರೋದು ಹುಡುಗನಿಗಾಗೋ, ಕಾರಿಗಾಗೋ?"

"ಅದು ನಿನಗಲ್ವೇನೋ ಗೊತ್ತಿರಬೇಕಾದ್ದು?"

"ಎರಡೂ ಒಂದೇ ಜಾಗದಲ್ಲಿ ನೋಯತ್ತೆ. ಇಂಜಿನ್ನಲ್ಲಿ ಶಬ್ದ ಬಂದ್ರೆ ವಾಲ್ವೋ ಬೇರಿಂಗೋ ಹೇಳಿಬಿಡ್ತೀನಿ. ಇದನ್ನ ಹೇಳೋಕೆ ಆಗ್ತಿಲ್ಲ."

"ಎರಡೂ ಇರಬಹುದು, ಬಿಡು."

ಅವನು ಕನ್ನಡಿಯ ಕಡೆ ತಿರುಗಿದ. "ಎರಡೂ ಇದ್ರೆ ಅದರಲ್ಲಿ ಕಾರಿನ ಪಾಲಿದೆ. ಕಾರಿನ ಪಾಲಿದ್ದ ಮೇಲೆ ನಾನು ಬೇಡ ಅನ್ನೋದು ತಪ್ಪಾಗತ್ತೆ" ಎಂದ.

ಅಷ್ಟು ನೆಟ್ಟಗಿನ ಮನುಷ್ಯನನ್ನು ನಾನು ಕಂಡಿಲ್ಲ. ಅಷ್ಟು ನೆಟ್ಟಗಿರಬಾರದಿತ್ತು ಎಂದು ಈಗಲೂ ನನಗೆ ಸಿಟ್ಟು ಬರುತ್ತದೆ. ತನ್ನ ಭಯದ ಮೇಲೇ ಅನುಮಾನಪಟ್ಟ. ಅದು ಕಾರಿನ ಮೋಹ ಹಾಕಿಕೊಂಡ ವೇಷವೆಂದು ತಿಳಿದ.

ನಿಬ್ರಾಸ್ ಒಳ್ಳೆಯ ಹುಡುಗ. "ಬಾಬಾ, ನಿಮಗೆ ಮನಸ್ಸಿಲ್ಲದಿದ್ರೆ ಬೇಡ" ಎಂದ.

"ನನ್ನ ಮನಸ್ಸನ್ನ ಕೇಳಬೇಡ ಮಗನೇ, ಅದಕ್ಕೆ ಬುದ್ಧಿ ಸಾಲದು."

ದಲ್ಲಾಳಿ ಖಲಫ್ ಕಾಗದದ ಕೆಲಸ ನೋಡಿಕೊಂಡ. ಬಾಯಿ ತುಂಬ ಸಕ್ಕರೆ ಇಟ್ಟುಕೊಂಡು ಮಾತಾಡುವ ಆಸಾಮಿ. ಐದು ಗೇರಿನ ಪೆಟ್ಟಿಗೆಯನ್ನು ಬಿಚ್ಚಿಟ್ಟುಕೊಂಡು, ಕಾರನ್ನು ಎಳೆಸಿಕೊಂಡು ಬಂದರೂ ಅಲ್ಲಿ ಯಾರೂ ಕೇಳುವುದಿಲ್ಲ ಎಂದು ಉಪಾಯ ಹೇಳಿದ. ಸಬೀಹ್ ಒಪ್ಪಲಿಲ್ಲ. ಕಾರು ಒಯ್ಯುವ ಹಿಂದಿನ ದಿನ ಇಂಜಿನ್ ಆಯಿಲ್ ಬದಲಿಸಿದ.

"ಸಾಯೋಕೆ ಹೋಗೋ ಗಾಡಿಗೆ ಹೊಸ ಆಯಿಲ್ ಯಾಕೋ?" ಎಂದೆ.

"ತನ್ನ ಕಾಲ ಮೇಲೆ ನಡ್ಕೊಂಡು ಹೋಗ್ಲಿ. ಹೆಣದ ಹಾಗೆ ಎಳಿಸ್ಕೊಂಡು ಹೋಗೋದು ಬೇಡ."

ಸಬೀಹ್, ನಿಬ್ರಾಸ್, ನಾನು, ಮೂವರೂ ಅದರಲ್ಲೇ ಕೂತು ಅಂಗಳಕ್ಕೆ ಹೋದೆವು. ಇಂಜಿನ್ ಅಷ್ಟು ಚೆನ್ನಾಗಿ ಎಂದೂ ಓಡಿರಲಿಲ್ಲ. ಅಲ್ಲಿ ಒಬ್ಬ ನೌಕರ ನಂಬರ್ ಹಲಗೆ ಬಿಚ್ಚಿಕೊಂಡು, ಬಾಗಿಲ ಮೇಲೆ ಸೀಮೆಸುಣ್ಣದ ಗೀಟೆಳೆದ. ಯಂತ್ರದ ದವಡೆ ಇಳಿಯಿತು. ಮೊದಲು ಗಾಜು, ಆಮೇಲೆ ಛಾವಣಿ. ಕೊನೆಗೆ ಇಂಜಿನ್ನು ಒಡೆದು, ಹೊಸ ಆಯಿಲ್ ಜೇನಿನ ಬಣ್ಣದಲ್ಲಿ ಮಣ್ಣಿಗೆ ಹರಿಯಿತು. ನಿಬ್ರಾಸ್ ಮುಖ ತಿರುಗಿಸಿ ಅತ್ತ. ಸಬೀಹ್ ಕೊನೆಯವರೆಗೂ ನೋಡಿದ. ಮರಳಿ ಬರುವಾಗ ನಾವು ಬಸ್ಸು ಹತ್ತಿದೆವು.

ಟ್ಯಾಕ್ಸಿ ಬಂತು. ಬಿಳಿ ಮೈ, ಚಕ್ರಗಳ ಮೇಲಿನ ರೆಕ್ಕೆ ಕಿತ್ತಳೆ. ಹುಡುಗ ಚೆನ್ನಾಗಿ ದುಡಿದ. ಗುರುವಾರ ಸಂಜೆ ಮನೆಗೆ ಕಬಾಬ್ ತರುತ್ತಿದ್ದ, ನನ್ನ ಅಂಗಡಿಗೂ ಒಂದು ಪೊಟ್ಟಣ ಬರುತ್ತಿತ್ತು. ಬದ್ರಿಯಾ ಹೆಣ್ಣು ಹುಡುಕತೊಡಗಿದಳು. ಸಬೀಹ್ ಟ್ಯಾಕ್ಸಿಯನ್ನು ಬಿಸ್ಕತ್ತಿನ ಡಬ್ಬ ಎಂದು ಜರೆಯುತ್ತಲೇ ದಿನಾ ಸಂಜೆ ಅದರ ಬಾನೆಟ್ ಎತ್ತುತ್ತಿದ್ದ. ಒಂದು ಶುಕ್ರವಾರ ನೋಡಿದರೆ, ಮುಂದಿನ ಎರಡು ಬಾಗಿಲನ್ನೂ ಬಿಚ್ಚಿ ಒಳಗೆ ದಪ್ಪ ಉಕ್ಕಿನ ಹಾಳೆ ಕೂರಿಸುತ್ತಿದ್ದಾನೆ. ಚಾಲಕನ ಸೀಟಿನ ಬೆನ್ನಿಗೂ ಒಂದು.

"ಬಾಬಾ, ಇದು ಟ್ಯಾಕ್ಸಿನೋ ಯುದ್ಧದ ಟ್ಯಾಂಕೋ? ಪೆಟ್ರೋಲ್ ಸುರಿದಷ್ಟೂ ಕುಡಿಯತ್ತೆ" ಎಂದು ನಿಬ್ರಾಸ್ ನಕ್ಕ.

"ಕುಡೀಲಿ. ಬಾಗಿಲು ಮೆತ್ತಗೆ ಹಾಕು, ಕೀಲು ತಡ್ಕೊಳ್ಳಲ್ಲ."

ಉಕ್ಕು ಏನನ್ನೂ ತಡೆಯಲಿಲ್ಲ. ಹಣ್ಣಿನ ಮಾರುಕಟ್ಟೆಯ ಹತ್ತಿರ, ಜನ ತುಂಬಿದ ಹೊತ್ತಿನಲ್ಲಿ, ನಿಬ್ರಾಸ್‌ನ ಟ್ಯಾಕ್ಸಿಯ ಮುಂದೆ ನಿಂತಿದ್ದ ವ್ಯಾನು ಸಿಡಿಯಿತು. ನನ್ನ ಅಂಗಡಿಯ ಕನ್ನಡಿ ನಡುಗಿತು. ಎದುರು ಮನೆಯಿಂದ ಸಬೀಹ್ ಬರಿಗಾಲಲ್ಲಿ ಹೊರಗೆ ಬಂದ. ಇನ್ನೂ ಯಾರೂ ಏನೂ ಹೇಳಿರಲಿಲ್ಲ. ಹುಡುಗ ಫೋನ್ ಎತ್ತಲಿಲ್ಲ. ಸಂಜೆ ಆಸ್ಪತ್ರೆಯಲ್ಲಿ ನಾನೇ ಅವನನ್ನು ಗುರುತಿಸಿದೆ, ಅಪ್ಪನನ್ನು ಒಳಗೆ ಬಿಡಲಿಲ್ಲ. ಅದರ ಬಗ್ಗೆ ಇನ್ನು ಹೆಚ್ಚು ಬರೆಯಲಾರೆ.

ಜನ ಬಂದು ದುಃಖ ಹಂಚಿಕೊಳ್ಳಲೆಂದು ಓಣಿಯಲ್ಲಿ ಮೂರು ದಿನದ ಸೂತಕದ ಡೇರೆ ಹಾಕಿದೆವು. ಹಾಜಿ ಫರ್ಹಾನ್ ಮೂಲೆಯಲ್ಲಿ ಕೂತಿದ್ದ, ಯಾರೂ ಅವನ ಪಕ್ಕ ಕೂರಲಿಲ್ಲ. ಎರಡನೆಯ ದಿನ ದಲ್ಲಾಳಿ ಖಲಫ್ ಬಂದ. ಸತ್ತವನಿಗಾಗಿ ಫಾತಿಹಾ ಪ್ರಾರ್ಥನೆ ಓದಿದ, ಸೂತಕದ ಕಹಿ ಕಾಫಿ ಕುಡಿದ, ಕಣ್ಣೊರೆಸಿಕೊಂಡ. ಆಮೇಲೆ ಸಬೀಹ್‌ನ ಕಿವಿಯ ಹತ್ತಿರ ಬಗ್ಗಿದ. ನಾನು ಪಕ್ಕದಲ್ಲೇ ಇದ್ದೆ.

"ಅಬು ನಿಬ್ರಾಸ್, ತಪ್ಪು ತಿಳೀಬೇಡಿ. ಗಾಡಿ ಸುಟ್ರೂ ನಂಬರಿಗೆ ಇನ್ನೂ ಜೀವ ಇದೆ. ಸುಮ್ನೆ ಹಾಳಾಗೋದು ಯಾಕೆ? ಮೊಟ್ಟೆ ಮಾರೋ ಜಬ್ಬಾರ್ ಇಲ್ವಾ ಪಕ್ಕದ ಓಣಿಯವನು, ಅವನ ಮಗನೂ ಟ್ಯಾಕ್ಸಿಗೆ ಕಾಯ್ತಿದ್ದಾನೆ."

ನಾನು ಅವನ ಕೊರಳಪಟ್ಟಿ ಹಿಡಿದು ಎಬ್ಬಿಸಿದೆ. ನಾಲ್ಕು ಜನ ಎದ್ದು ಬಂದರು. ಸಬೀಹ್ ಕೂತಲ್ಲಿಂದಲೇ, "ಬಿಡು ಅವನನ್ನ" ಎಂದ. ಆಮೇಲೆ ಖಲಫ್‌ನ ಮುಖ ನೋಡಿ, "ಜಬ್ಬಾರ್‌ನ ಕಳಿಸು. ಮಗ ಬೇಡ, ಅಪ್ಪ ಬರಲಿ" ಎಂದ.

ಮರುದಿನ ಜಬ್ಬಾರ್ ಬಂದ. ನಾಚಿಕೆಯಿಂದ ತಲೆಯೆತ್ತಲಾರದೆ ಕುರ್ಚಿಯ ತುದಿಯಲ್ಲಿ ಕೂತ.

"ನಿನಗೆ ಭಯ ಆಗಲ್ವಾ ಜಬ್ಬಾರ್?" ಎಂದು ಸಬೀಹ್ ಕೇಳಿದ.

ಜಬ್ಬಾರ್ ಸುತ್ತ ನೋಡಿದ. "ಆಗತ್ತೆ. ರಾತ್ರಿ ನಿದ್ದೆ ಬರಲ್ಲ. ಆದ್ರೆ ಮನೇಲಿ ಹೇಳಿದ್ರೆ, ಹುಡುಗ ಹೋದ್ರೆ ಮೊಟ್ಟೆ ಗಾಡಿ ತಳ್ಳೋಕೆ ಜನ ಇರಲ್ಲ ಅಂತ ನೆಪ ತೆಗೀತೀಯಾ ಅಂತಾರೆ. ಅದೂ ಸ್ವಲ್ಪ ನಿಜವೇ ಅಣ್ಣಾ."

ಸಬೀಹ್ ಅವನ ಎರಡೂ ಕೈ ಹಿಡಿದುಕೊಂಡ. ಆ ಮೂರು ದಿನಗಳಲ್ಲಿ ಅವನು ಅತ್ತದ್ದು ಆಗ ಮಾತ್ರ. "ನೆಪ ಅಲ್ಲ ಕಣೋ. ಅದರಲ್ಲಿ ಗಾಡಿ ಪಾಲಿರಲಿ, ಏನಾದ್ರೂ ಇರಲಿ, ಭಯ ಭಯವೇ. ಬೇಡ ಅನ್ನು. ಜನ ಉಗೀಲಿ, ಹೆಂಡ್ತಿ ಮಾತು ಬಿಡ್ಲಿ, ಬೇಡ ಅನ್ನು. ನನ್ನ ಹತ್ರ ನಂಬರ್ ಸಿಗಲ್ಲ ನಿನಗೆ."

ಜಬ್ಬಾರ್ ತಲೆಯಾಡಿಸಿ, ಅವನ ಭುಜಕ್ಕೆ ಮುತ್ತಿಟ್ಟು ಹೋದ. ಡೇರೆ ಬಿಚ್ಚಿದ ಮೇಲೆ ಕೆಲವು ದಿನಕ್ಕೆ ಖಲಫ್ ಬೇರೆಲ್ಲಿಂದಲೋ ಇನ್ನೊಂದು ನಂಬರ್ ಹೊಂದಿಸಿಕೊಟ್ಟ. ಜಬ್ಬಾರ್ ಬೇಡ ಎನ್ನಲಿಲ್ಲ. ಹೇಗೆ ಎಂದಾನು, ಮನೆಯಲ್ಲಿ ಬೆಳೆದ ಮಗ ಕೈಕಟ್ಟಿ ಕೂತಿರುವಾಗ?

ಈಗ ಸಬೀಹ್ ಪಂಪ್‌ಹೌಸಿನಿಂದ ಬಂದವನು ಒಳಗೆ ಹೋಗುವುದಿಲ್ಲ. ಬಾಗಿಲ ಮೆಟ್ಟಿಲ ಮೇಲೆ ಕೂರುತ್ತಾನೆ. ಬದ್ರಿಯಾ ಅಲ್ಲಿಗೇ ಚಹಾ ತಂದಿಟ್ಟು, ಬಾಗಿಲ ಹಿಂದೆ ನಿಲ್ಲುತ್ತಾಳೆ. ಕತ್ತಲಾಗುವ ಹೊತ್ತಿಗೆ ಜಬ್ಬಾರನ ಮಗನ ಟ್ಯಾಕ್ಸಿ ನಮ್ಮ ಓಣಿಯ ಬಾಯಿಯನ್ನು ದಾಟಿ ಪಕ್ಕದ ಓಣಿಗೆ ತಿರುಗುತ್ತದೆ. ಆ ಹುಡುಗನಿಗೆ ಇದು ಯಾವುದೂ ಗೊತ್ತಿಲ್ಲ. ಸುಮ್ಮನೆ ಒಮ್ಮೆ ಹಾರ್ನ್ ಮಾಡಿ ಹೋಗುತ್ತಾನೆ. ಆ ಹಾರ್ನ್ ಕೇಳಿದ ಮೇಲೆಯೇ ಸಬೀಹ್ ತಣ್ಣಗಾದ ಚಹಾ ಕುಡಿದು, ಎದ್ದು ಒಳಗೆ ಹೋಗುತ್ತಾನೆ.