ತಮ್ಮನಿಗಾಗಿ ಇಳಿಸಿದ ಹತ್ತು ಕೆಜಿ

ಕೋವಿಡ್ ಕಳೆದ ಎರಡನೆಯ ವರ್ಷ. ಆಗ ನಾನು ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಡಯಟಿಷಿಯನ್ ಆಗಿದ್ದೆ. ಈಗಲೂ ಅದೇ ಕೆಲಸ, ಆಸ್ಪತ್ರೆ ಮಾತ್ರ ಬೇರೆ. ಡಯಟಿಷಿಯನ್ ಎಂದರೆ ತೆಳ್ಳಗಾಗಲು ಚಾರ್ಟ್ ಬರೆದುಕೊಡುವವಳು ಎಂದು ಬಹಳ ಜನ ತಿಳಿದಿದ್ದಾರೆ. ನನ್ನ ಕೋಣೆ ಇದ್ದದ್ದು ಡಯಾಲಿಸಿಸ್ ಘಟಕದ ಪಕ್ಕದಲ್ಲಿ. ಮೂತ್ರಪಿಂಡ ಕೆಟ್ಟವರ ರಕ್ತವನ್ನು ಯಂತ್ರದಲ್ಲಿ ಹಾಯಿಸಿ ಶುದ್ಧ ಮಾಡುವ ಜಾಗ ಅದು. ಅಲ್ಲಿಗೆ ಬರುವವರಿಗೆ ಏನು ತಿನ್ನಬಾರದು, ನೀರು ಎಷ್ಟು ಕುಡಿಯಬಾರದು ಎಂದು ಹೇಳುವುದೇ ನನ್ನ ದಿನದ ಬಹುಪಾಲು ಕೆಲಸ. ದಿನವಿಡೀ ಬೇಡ, ಬೇಡ ಎಂದು ಹೇಳಿ ಸಂಜೆಗೆ ನನಗೇ ಬೇಸರ ಬಂದಿರುತ್ತಿತ್ತು.

ಅಲ್ಲಿಗೆ ವಾರಕ್ಕೆ ಎರಡು ಸಲ ಕಮಲಾಪುರದಿಂದ ಬಸ್ಸಿನಲ್ಲಿ ಬರುತ್ತಿದ್ದವನು ಸಿದ್ರಾಮ. ವಯಸ್ಸು ನಲವತ್ತು ದಾಟಿರಲಿಲ್ಲ. ಬಿ.ಪಿ. ಇದ್ದದ್ದು ಅವನಿಗೇ ಗೊತ್ತಿರಲಿಲ್ಲ. ಗೊತ್ತಾಗುವ ಹೊತ್ತಿಗೆ ಎರಡೂ ಮೂತ್ರಪಿಂಡ ಸೋತಿದ್ದವು. ಕಮಲಾಪುರದ ಕೆಂಪು ಬಾಳೆ ಎಂದರೆ ನಮ್ಮ ಕಡೆ ಎಲ್ಲರೂ ಬಲ್ಲರು. ಅವನು ಅದನ್ನೇ ಬೆಳೆಯುತ್ತಿದ್ದ. ಆದರೆ ಬಾಳೆಹಣ್ಣಿನಲ್ಲಿ ಪೊಟ್ಯಾಸಿಯಂ ಜಾಸ್ತಿ. ಮೂತ್ರಪಿಂಡ ಕೆಲಸ ಮಾಡದಿದ್ದಾಗ ಅದು ರಕ್ತದಲ್ಲೇ ಉಳಿದು ಹೃದಯದ ಬಡಿತವನ್ನು ಕೆಡಿಸುತ್ತದೆ. ಹಾಗಾಗಿ ಮೊದಲ ದಿನವೇ ಬಾಳೆಹಣ್ಣು ಬಂದ್ ಎಂದು ಹೇಳಬೇಕಾಯಿತು.

"ನಾ ಬೆಳೆದಿದ್ದು ನಾ ತಿನ್ನಂಗಿಲ್ಲಂದ್ರ ಹ್ಯಾಂಗ್ರೀ ಮೇಡಂ?" ಎಂದು ಅವನು ನಕ್ಕ. ಮುಂದಿನ ವಾರ ಒಂದು ಚೀಲ ಹಣ್ಣು ತಂದು ಘಟಕದ ಸಿಸ್ಟರ್‌ಗಳಿಗೆ ಹಂಚಿದ. ನನಗೂ ಎರಡು ಕೊಟ್ಟ. "ನೀವು ತಿನ್ರಿ, ನಾ ನೋಡ್ತೀನಿ" ಎಂದ.

ಅವನಿಗೆ ಉಳಿದದ್ದು ಒಂದೇ ದಾರಿ, ಮೂತ್ರಪಿಂಡದ ಕಸಿ. ಹೆಂಡತಿಯ ರಕ್ತದ ಗುಂಪು ಹೊಂದಲಿಲ್ಲ. ತಾಯಿಗೆ ವಯಸ್ಸಾಗಿತ್ತು. ಒಡಹುಟ್ಟಿದವಳು ಒಬ್ಬಳೇ ಅಕ್ಕ, ಕಸ್ತೂರಿಬಾಯಿ. ಕಲಬುರಗಿಯ ಪಕ್ಕದ ಕೋಟನೂರಿಗೆ ಕೊಟ್ಟಿದ್ದರು. ಗಂಡ ಮಲ್ಲಿಕಾರ್ಜುನ ಕಪನೂರಿನ ದಾಲ್ ಮಿಲ್ಲಿನಲ್ಲಿ ಮಶಿನ್ ನಡೆಸುವವರು. ಈಕೆ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಊರಿನ ಎರಡು ಖಾನಾವಳಿಗಳಿಗೆ ಕೊಡುತ್ತಿದ್ದಳು. ರಕ್ತ ಹೊಂದಿತು, ಅಂಗಾಂಶವೂ ಹೊಂದಿತು. ಎಲ್ಲ ಸರಿಯಾಯಿತು ಎನ್ನುವಾಗ ಕಸಿ ಮಾಡಬೇಕಿದ್ದ ಹೈದರಾಬಾದಿನ ಆಸ್ಪತ್ರೆಯವರು ತಡೆದರು. ಆಕೆಯ ತೂಕ ಎಪ್ಪತ್ತೆಂಟು ಕೆಜಿ. ಎತ್ತರ ಐದು ಅಡಿಗಿಂತ ಕೂದಲೆಳೆ ಹೆಚ್ಚು, ಅಷ್ಟೇ. ಸಕ್ಕರೆಯೂ ಗಡಿಯ ಮೇಲೆ ನಿಂತಿತ್ತು. ಇಂಥವರು ಒಂದು ಮೂತ್ರಪಿಂಡ ಕೊಟ್ಟರೆ ಉಳಿದ ಒಂದರ ಮೇಲೆ ತೂಕದ ಭಾರ, ಸಕ್ಕರೆಯ ಭಾರ ಎರಡೂ ಬೀಳುತ್ತವೆ. ತಮ್ಮನನ್ನು ಉಳಿಸಲು ಹೋಗಿ ಅಕ್ಕ ಅದೇ ಯಂತ್ರಕ್ಕೆ ಬಂದು ಮಲಗುವಂತಾಗಬಾರದು. ಹತ್ತು ಕೆಜಿ ಇಳಿಸಿ, ಸಕ್ಕರೆ ಸರಿಮಾಡಿಕೊಂಡು ಬನ್ನಿ ಎಂದರು ಅವರು.

ಹೀಗೆ ಕಸ್ತೂರಿಬಾಯಿ ನನ್ನ ಕೋಣೆಗೆ ಬಂದಳು. ಜೊತೆಗೆ ಗಂಡನೂ ಇದ್ದರು. ಕೂರುವ ಮೊದಲೇ ಕೇಳಿದಳು: "ಮೇಡಂ, ನಾ ಊಟಾನೇ ಬಿಟ್ರ ಎಷ್ಟು ದಿನದಾಗ ಹತ್ತು ಕಿಲೋ ಇಳೀತದ?"

"ಬಿಟ್ರ ನೀನೇ ಬಿದ್ದು ಹೋಗ್ತಿ," ಎಂದೆ. "ವಾರಕ್ಕ ಅರ್ಧ ಕಿಲೋ ಇಳಿದ್ರ ಸಾಕು."

ಮನಸ್ಸಿನಲ್ಲೇ ಲೆಕ್ಕ ಹಾಕಿದಳು. "ಅಂದ್ರ ಐದು ತಿಂಗಳು? ಅಲ್ಲೀತನಕಾ ಅವ ತಡೀತಾನೇನ್ರಿ?"

ಡಯಾಲಿಸಿಸ್ ಮೇಲೆ ಜನ ವರ್ಷಗಟ್ಟಲೆ ಬದುಕುತ್ತಾರೆ ಎಂದೆ. ಅದು ಸುಳ್ಳಲ್ಲ. ವೈದ್ಯರೂ ಅದನ್ನೇ ಹೇಳಿದ್ದರು.

ಆಗ ಮಲ್ಲಿಕಾರ್ಜುನ ಬಾಯಿ ಬಿಟ್ಟರು. "ಮೇಡಂ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಇಕಿಗಿ ಏನರ ಆದ್ರ ನಂಗ ಎರಡು ಹೆಣ್ಮಕ್ಕಳವ. ಅವನೂ ಹೋಗಿ ಇಕೀನೂ ಹೋದ್ರ ನಾ ಯಾರ ಮಾರಿ ನೋಡ್ಲಿ?" ಕಸ್ತೂರಿಬಾಯಿ ಗಂಡನ ಕಡೆ ತಿರುಗಲಿಲ್ಲ. ಆ ಮನುಷ್ಯನ ಭಯದಲ್ಲಿ ಕೆಟ್ಟದ್ದೇನೂ ನನಗೆ ಕಾಣಲಿಲ್ಲ. ತೂಕ ಇಳಿದು ಸಕ್ಕರೆ ಸರಿಯಾದರೆ ಈಕೆಗೆ ಇರುವ ಅಪಾಯವೂ ಇಳಿಯುತ್ತದೆ ಎಂದು ಬಿಡಿಸಿ ಹೇಳಿದೆ. "ಹಂಗಿದ್ರ ಮೊದ್ಲು ಇಳೀಲಿ, ಆಮ್ಯಾಗ ನೋಡೋಣು" ಎಂದು ಎದ್ದು ಹೊರಗೆ ಹೋದರು.

ನಾನು ಚಾರ್ಟ್ ಬರೆಯಲಿಲ್ಲ. ಬೆಳಗ್ಗೆ ಎದ್ದಾಗಿನಿಂದ ಮಲಗುವ ತನಕ ಏನೇನು ಬಾಯಿಗೆ ಹೋಗುತ್ತದೆ ಹೇಳು ಎಂದೆ. ಕೇಳುತ್ತ ಕೂತಂತೆ ನನಗೇ ಆಶ್ಚರ್ಯವಾಯಿತು. ಇಡೀ ದಿನ ರೊಟ್ಟಿ ಬಡಿಯುವ ಹೆಂಗಸು ರೊಟ್ಟಿ ತಿನ್ನುತ್ತಿರಲಿಲ್ಲ. ಬೇಯಿಸಿದ್ದೆಲ್ಲ ಖಾನಾವಳಿಗೆ ಹೋಗಬೇಕು. ಒಲೆಯ ಮುಂದೆ ಕೂತಾಗ ಹಸಿವು ಸಾಯಲೆಂದು ಸಕ್ಕರೆ ಹಾಕಿದ ಚಾ, ಮತ್ತೆ ಚಾ, ಅದರೊಂದಿಗೆ ಬಿಸ್ಕಿಟು. ಮಧ್ಯಾಹ್ನ ಮೂರಕ್ಕೆ ಕೆಲಸ ಮುಗಿಯುವಾಗ ಹೊಟ್ಟೆ ಉರಿಯುತ್ತಿರುತ್ತದೆ. ಆಗ ಅನ್ನ, ಸಾರು, ಶೇಂಗಾ ಚಟ್ನಿ ಕಲಸಿಕೊಂಡು ತಾಟಿನ ತುಂಬ. ಸಂಜೆ ಮಕ್ಕಳೊಂದಿಗೆ ಮಿರ್ಚಿ ಭಜಿ. ರಾತ್ರಿ ಗಂಡ ಬಂದು ಉಂಡ ಮೇಲೆ, ಮಕ್ಕಳು ಬಿಟ್ಟದ್ದನ್ನೂ ಸೇರಿಸಿ, ಟಿ.ವಿ. ಮುಂದೆ ಮತ್ತೊಂದು ಊಟ. "ಚೆಲ್ಲಾಕ ಮನಸಾಗಂಗಿಲ್ರೀ" ಎಂದಳು. ಈ ಮಾತನ್ನು ನಾನು ನೂರಾರು ತಾಯಂದಿರ ಬಾಯಲ್ಲಿ ಕೇಳಿದ್ದೇನೆ.

ಹೊಸದಾಗಿ ಏನನ್ನೂ ತರಿಸಲಿಲ್ಲ. ಮೊದಲು ಬೇಯುವ ಎರಡು ರೊಟ್ಟಿ ಖಾನಾವಳಿಗಲ್ಲ, ನಿನಗೆ ಎಂದೆ. ಅದರೊಂದಿಗೆ ಹೆಸರುಕಾಳೋ ಮಡಕಿಕಾಳೋ, ಒಂದು ಸೊಪ್ಪಿನ ಪಲ್ಯ. ಕೂತು ತಿನ್ನು, ಅಗಿದು ತಿನ್ನು. ಚಾ ಎರಡು ಸಲ, ಅದೂ ಸಕ್ಕರೆ ಕಮ್ಮಿ ಮಾಡುತ್ತ ಬಂದು ಕಡೆಗೆ ಇಲ್ಲದೆ. ನಡುವೆ ಹಸಿವಾದರೆ ನೀರು ಮಜ್ಜಿಗೆ, ಸೌತೆಕಾಯಿ. ಮಧ್ಯಾಹ್ನದ ಅನ್ನ ಅರ್ಧಕ್ಕೆ, ಪಲ್ಯ ದುಪ್ಪಟ್ಟಿಗೆ. ರಾತ್ರಿಯದು ಗಂಡನಿಗೆ ಕಾಯದೆ ಮಕ್ಕಳೊಂದಿಗೇ ಉಣ್ಣು, ಟಿ.ವಿ. ಬಂದ್ ಇಡು, ಮಕ್ಕಳಿಗೆ ಮೊದಲೇ ಕಮ್ಮಿ ಬಡಿಸು. ರೊಟ್ಟಿ ಗಂಟನ್ನು ಆಟೋದಲ್ಲಿ ಕಳಿಸುವ ಬದಲು ಹತ್ತಿರದ ಖಾನಾವಳಿಗಾದರೂ ನೀನೇ ನಡೆದು ಹೋಗಿ ಕೊಡು.

"ಇಷ್ಟೇ ಏನ್ರಿ?" ಎಂದಳು. ಏನೋ ಕಠಿಣವಾದದ್ದನ್ನು ನಾನು ಹೇಳುತ್ತೇನೆಂದುಕೊಂಡು ಬಂದಿದ್ದಳೆಂದು ಕಾಣುತ್ತದೆ. ಸ್ವಲ್ಪ ನಿರಾಸೆಯಾದಂತಿತ್ತು.

ಮೊದಲ ಎರಡು ತಿಂಗಳು ಅಂದುಕೊಂಡಂತೆಯೇ ಇಳಿಯಿತು. ತಮ್ಮನ ಡಯಾಲಿಸಿಸ್ ದಿನ ಆಕೆಯೂ ಬಂದು ತೂಕ ನೋಡಿಕೊಂಡು ಹೋಗುತ್ತಿದ್ದಳು. ಮಂಚದ ಮೇಲೆ ಮಲಗಿದ ಸಿದ್ರಾಮ ಅಲ್ಲಿಂದಲೇ ಕೂಗುತ್ತಿದ್ದ: "ಎಷ್ಟಾತ್ ಅಕ್ಕಾ?" ಆಕೆ ಬೆರಳಲ್ಲಿ ತೋರಿಸುತ್ತಿದ್ದಳು. ಬೇರೆ ರೋಗಿಗಳೂ ತಿರುಗಿ ನೋಡುತ್ತಿದ್ದರು. ಆ ಘಟಕದಲ್ಲಿ ನಗು ಕಮ್ಮಿ. ಅದು ಇದ್ದದ್ದು ಆ ಗಳಿಗೆಯಲ್ಲಿ.

ಮೂರನೆಯ ತಿಂಗಳು ತೂಕ ನಿಂತುಬಿಟ್ಟಿತು. ಎಪ್ಪತ್ತಮೂರರಿಂದ ಕೆಳಗೆ ಇಳಿಯಲೊಲ್ಲದು. ಒಂದು ದಿನ ಮುಂಗೈಗೆ ಬ್ಯಾಂಡೇಜು ಸುತ್ತಿಕೊಂಡು ಬಂದಳು. ರೊಟ್ಟಿ ಬೇಯಿಸುವ ಬಿಸಿ ಹಂಚಿನ ಮೇಲೆ ಕೈ ಊರಿದ್ದಳಂತೆ. ಒತ್ತಿ ಕೇಳಿದ ಮೇಲೆ ಹೇಳಿದಳು. ಸೋಮವಾರ ಉಪವಾಸ, ಗುರುವಾರ ಉಪವಾಸ, ಶನಿವಾರವೂ ಉಪವಾಸ. ಮನೆಯಲ್ಲಿ ಹರಕೆ ಎಂದು ಹೇಳಿದ್ದಳು. ತಲೆ ಸುತ್ತಿ ಒಲೆಯ ಮೇಲೇ ವಾಲಿದ್ದಳು.

"ಯಾಕ ಹಿಂಗ ಮಾಡ್ದಿ?" ಎಂದೆ.

"ಅವನ ಮಾರಿ ಬಾತದರೀ ಮೇಡಂ. ಅರ್ಧ ಅರ್ಧ ಕಿಲೋ ಅಂತ ನಾ ಹ್ಯಾಂಗ ಕೂಡ್ಲಿ?"

ಆಗ ನಾನು ಗದರಲಿಲ್ಲ. ಒಂದು ದಿನ ಖಾಲಿ ಬಿಟ್ಟ ಹೊಟ್ಟೆ ಮರುದಿನ ಎರಡರಷ್ಟು ಕೇಳುತ್ತದೆ. ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಆಪರೇಷನ್ ತಾಳಿಕೊಳ್ಳಲು ಶಕ್ತಿಯೇ ಇರದಿದ್ದರೆ ತೂಕ ಇಳಿದು ಏನು ಫಲ ಎಂದು ಕೇಳಿದೆ. ಆಕೆ ಅತ್ತಳು. ಸುಟ್ಟ ಗಾಯ ಮಾಯಲು ದಿನ ಹಿಡಿಯಿತು, ರೊಟ್ಟಿ ಕೆಲಸ ನಿಂತಿತು. ಅಷ್ಟು ದಿನ ಅಡುಗೆ ಮಾಡಿದವರು ಮಲ್ಲಿಕಾರ್ಜುನ. ಮಿಲ್ಲಿನ ಪಾಳಿ ಬದಲಿಸಿಕೊಂಡು, ಬೆಳಗ್ಗೆ ಎದ್ದು ಹೆಂಡತಿಗೆ ಕಾಳು ಬೇಯಿಸಿಟ್ಟು ಹೋಗುತ್ತಿದ್ದರು. ಗಾಯ ತೋರಿಸಲು ಬಂದಾಗ ಅವರೇ ಹೇಳಿದರು, "ಕಿಡ್ನಿ ಕೊಡೋ ಒಪ್ಪಿಗಿ ಕಾಗದಕ್ಕ ನಾ ಸಹಿ ಮಾಡ್ತೀನ್ರೀ. ಇಕಿ ಇಷ್ಟು ಮಾಡಾಕತ್ತಾಳಂದ್ರ ನಾ ಬ್ಯಾಡ ಅನ್ನೋದು ಸರಿ ಅಲ್ಲ."

ಅಲ್ಲಿಂದ ಮುಂದೆ ಆಕೆ ಉಪವಾಸದ ಮಾತೆತ್ತಲಿಲ್ಲ. ಹೊತ್ತಿಗೆ ಸರಿಯಾಗಿ ಉಂಡಳು, ನಡೆದಳು, ಮಲಗಿದಳು. ಏಳನೆಯ ತಿಂಗಳು ತೂಕ ಅರವತ್ತೆಂಟಕ್ಕೆ ಬಂತು. ಸಕ್ಕರೆ ಗಡಿಯಿಂದ ಒಳಗೆ ಬಂದಿತ್ತು. ಆ ದಿನ ಸಿದ್ರಾಮ ಮಂಚದಿಂದ ಕೇಳುವ ಮೊದಲೇ ಆಕೆ ಬಾಗಿಲಲ್ಲಿ ನಿಂತು, "ಆತೋ ತಮ್ಮಾ!" ಎಂದಳು. ಅವನು ಸೂಜಿ ಚುಚ್ಚದ ಕೈಯಿಂದ ಮುಖ ಮುಚ್ಚಿಕೊಂಡ. ಹೈದರಾಬಾದಿನಿಂದ ಕೊನೆಯ ತಪಾಸಣೆಗೆ ದಿನ ಗೊತ್ತಾಯಿತು. ನಾನು ಈ ಕೆಲಸದಲ್ಲಿ ಕಂಡ ಅತ್ಯಂತ ಅಚ್ಚುಕಟ್ಟಾದ ತೂಕ ಇಳಿಕೆ ಅದು. ಬೇರೆ ರೋಗಿಗಳಿಗೆ ಆಕೆಯ ಉದಾಹರಣೆ ಕೊಡಲು ಶುರುಮಾಡಿದ್ದೆ.

ಹೈದರಾಬಾದಿಗೆ ಹೋಗಲು ಒಂಬತ್ತು ದಿನ ಉಳಿದಿದ್ದವು. ಒಂದು ಬೆಳಗ್ಗೆ ಕಮಲಾಪುರದ ಮನೆಯಲ್ಲಿ ಸಿದ್ರಾಮನಿಗೆ ಎದೆ ಹಿಡಿದುಕೊಂಡಿತು. ಅಂಬುಲೆನ್ಸ್ ಬೇಗನೇ ಬಂತು. ಆದರೆ ದಾರಿಯಲ್ಲಿ ಮಹಾಗಾಂವ ದಾಟುವ ಹೊತ್ತಿಗೆ ಉಸಿರು ನಿಂತಿತ್ತು. ಇದರಲ್ಲಿ ಯಾರ ತಪ್ಪೂ ಇರಲಿಲ್ಲ. ಮೂತ್ರಪಿಂಡದ ಕಾಯಿಲೆ ವರ್ಷಗಟ್ಟಲೆ ಒಳಗೊಳಗೇ ಹೃದಯವನ್ನೂ ಸವೆಸುತ್ತದೆ. ಡಯಾಲಿಸಿಸ್ ಘಟಕದಲ್ಲಿ ಕೆಲಸ ಮಾಡುವ ನಮಗೆ ಇದು ಗೊತ್ತು. ಗೊತ್ತಿದ್ದರೂ ಆ ದಿನ ಅವನ ಮಂಚಕ್ಕೆ ಬೇರೆ ರೋಗಿಯನ್ನು ಕರೆತಂದಾಗ ನಾನು ಕೋಣೆಯಿಂದ ಹೊರಗೆ ಬರಲಿಲ್ಲ.

ಎರಡು ತಿಂಗಳಾದ ಮೇಲೆ ಕಸ್ತೂರಿಬಾಯಿ ಬಂದಳು. ತೂಕ ಇನ್ನೂ ಇಳಿದಿತ್ತು. ಅದು ಊಟ ಸೇರದ ಇಳಿಕೆ. ಕುರ್ಚಿಯ ಮೇಲೆ ಕೂತು, ಸೊಂಟದ ಮೇಲೆ ಕೈ ಇಟ್ಟುಕೊಂಡಳು.

"ಕೊಡಾಕಂತ ತಯಾರ್ ಮಾಡಿ ಇಟ್ಟಿದ್ದೆ, ಮೇಡಂ. ಇನ್ನ ಇದು ಯಾರಿಗಿ?"

"ನಿನಗ," ಎಂದೆ. "ನಿನ್ನ ಸಲುವಾಗಿ."

ಆಕೆ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ಆ ಮಾತು ಆಕೆಗೆ ಅರ್ಥವಾಗಲಿಲ್ಲ, ಅಷ್ಟೇ. ತನ್ನ ಸಲುವಾಗಿ ಎನ್ನುವುದನ್ನು ಆಕೆಗೆ ಯಾರೂ ಹೇಳಿಕೊಟ್ಟಿರಲಿಲ್ಲ. "ಮೊದ್ಲಿಂದಾನೇ ನಾ ಹಿಂಗಿದ್ದಿದ್ರ, ಅವ ಇವತ್ತು ಇರ್ತಿದ್ದ ಅಲ್ರೀ?" ಎಂದಳು. ನಾನು ಆಕೆಯ ಕೈ ಹಿಡಿದು ಕೂತೆ.

ಮತ್ತೆ ಆಕೆಯನ್ನು ಕಂಡದ್ದು ಎರಡು ವರ್ಷದ ನಂತರ, ನಾನು ಈಗಿರುವ ಆಸ್ಪತ್ರೆಯ ಸಕ್ಕರೆ ಕಾಯಿಲೆಯ ಸಾಲಿನಲ್ಲಿ. ಇಳಿಸಿದ ಹತ್ತು ಕೆಜಿ ವಾಪಸು ಬಂದಿತ್ತು, ಅದರ ಮೇಲೆ ಮತ್ತೆ ಮೂರು. ಮಾತ್ರೆ ಶುರುವಾಗಿತ್ತು. ಜೊತೆಯಲ್ಲಿ ಮಲ್ಲಿಕಾರ್ಜುನ ಇದ್ದರು. ಅಷ್ಟು ಚೆನ್ನಾಗಿ ರೂಢಿಯಾಗಿತ್ತಲ್ಲ, ಎಲ್ಲಿ ತಪ್ಪಿತು ಎಂದು ಕೇಳಿದೆ.

"ರೂಢಿ ಆಗಿದ್ದು ನಂಗಲ್ರೀ," ಎಂದಳು. "ನಾ ಕೈ ಸುಟ್ಕೊಂಡ ಮ್ಯಾಲಿಂದ ತಮ್ಮ ದಿನಾ ಮುಂಜಾನಿ ಫೋನ್ ಮಾಡ್ತಿದ್ದ. ಅಕ್ಕಾ, ಉಂಡೇನು, ಏನ್ ಉಂಡಿ, ಕೂತು ಉಂಡಿಯೋ ನಿಂತೋ ಅಂತ. ಸಂಜಿಗಿ ಮತ್ತ ಮಾಡ್ತಿದ್ದ. ಅವ ಕೇಳ್ತಾನಂತ ನಾ ಉಣ್ತಿದ್ದೆ. ಈಗ ಯಾರ್ ಕೇಳ್ತಾರ್ರೀ?"

ಮಲ್ಲಿಕಾರ್ಜುನ ನೆಲ ನೋಡಿದರು. ನಾನು ಮೇಜಿನ ಮೇಲಿದ್ದ ಪೆನ್ನು ಎತ್ತಿ ಮತ್ತೆ ಇಟ್ಟೆ. ಅಷ್ಟು ತಿಂಗಳು ಆಕೆಯನ್ನು ಉಣಿಸಿದ್ದು ನನ್ನ ಸಲಹೆ ಎಂದು ನಾನು ತಿಳಿದಿದ್ದೆ. ಇನ್ನೊಬ್ಬರಿಗೆ ಹಾಗೆಯೇ ಹೇಳಿದ್ದೆ ಕೂಡ. ನನ್ನ ಮಾತನ್ನು ದಿನಕ್ಕೆ ಎರಡು ಸಲ ಆಕೆಯ ಮನೆಗೆ ತಲುಪಿಸುತ್ತಿದ್ದವನು, ತನಗೆ ಉಣ್ಣಲು ಅರ್ಧಕ್ಕರ್ಧ ನಿಷೇಧವಿದ್ದ ಸಿದ್ರಾಮ.

ಆ ದಿನ ಹೊರಡುವ ಮುಂಚೆ ಮಲ್ಲಿಕಾರ್ಜುನ, "ನಾ ಕೇಳ್ತೀನ್ರೀ ಇನ್ನ ಮುಂದ" ಎಂದರು. ಅವರು ಕೇಳುತ್ತಿದ್ದಾರೆ ಎಂದು ಆಮೇಲೆ ತಿಳಿಯಿತು. ತೂಕ ನಿಧಾನಕ್ಕೆ ಇಳಿಯುತ್ತಿದೆ, ಮಾತ್ರೆ ಇದೆ. ಆದರೆ ಅದು ಮೊದಲಿನಂಥ ಇಳಿಕೆಯಲ್ಲ. ಬಾಗಿಲಲ್ಲಿ ನಿಂತು ಕೂಗಿ ಹೇಳುವಂಥದ್ದು ಅದರಲ್ಲಿ ಏನೂ ಇಲ್ಲ.

ಊಟದ ರೂಢಿ ಎಂದರೆ ರೊಟ್ಟಿ, ಕಾಳು, ಮಜ್ಜಿಗೆ, ನಡಿಗೆ ಎಂದು ನಾನು ಇಪ್ಪತ್ತು ವರ್ಷ ಹೇಳಿಕೊಂಡು ಬಂದೆ. ಅದು ಸರಿಯೇ, ಈಗಲೂ ಹೇಳುತ್ತೇನೆ. ಆದರೆ ಹೊಸಬರು ಬಂದು ಕೂತಾಗ ಈಗ ನಾನು ಮೊದಲು ಕೇಳುವುದು ಬೇರೆ: ನೀ ಉಂಡಿ ಏನು ಅಂತ ಮನೆಯಲ್ಲಿ ನಿನ್ನನ್ನು ಯಾರು ಕೇಳುತ್ತಾರೆ? ಗಂಡಸರು ಥಟ್ಟನೆ ಉತ್ತರ ಹೇಳುತ್ತಾರೆ. ಹೆಂಗಸರು ಬಹಳ ಹೊತ್ತು ಯೋಚಿಸುತ್ತಾರೆ. ಕೆಲವರು ಯೋಚಿಸುತ್ತ ಯೋಚಿಸುತ್ತ ಕಣ್ಣು ಒರೆಸಿಕೊಳ್ಳುತ್ತಾರೆ. ಅವರ ಫೋನ್ ನಂಬರು ತೆಗೆದುಕೊಂಡು, ನಾಳೆ ಬೆಳಗ್ಗೆ ನಾನೇ ಕೇಳುತ್ತೇನೆ ಎನ್ನುತ್ತೇನೆ.