ಕಂಡಕ್ಟರ್ ಸುನಂದಾ ಕೊಂಡ ಕೊಬ್ಬರಿ ಮನೆ

ದಬ್ಬೇಘಟ್ಟದ ಸುನಂದಾ ತುರುವೇಕೆರೆಯಿಂದ ತಿಪಟೂರಿಗೆ ಓಡಾಡುವ ಬಸ್ಸಿನ ಕಂಡಕ್ಟರ್. ಗಂಡ ಭೀಮರಾಜು ಊರಲ್ಲೇ ಇದ್ದು ತೆಂಗಿನ ತೋಟ, ಹಸು ನೋಡಿಕೊಳ್ಳುತ್ತಾನೆ. ಕೊಬ್ಬರಿ ರೇಟು ಏರಿದ ವರ್ಷ ಆ ಮನೆಯಲ್ಲಿ ಮಾತೇ ಮಾತು. ಇಳಿದ ವರ್ಷ ಊಟದ ಹೊತ್ತಿನಲ್ಲೂ ಯಾರೂ ಬಾಯಿ ಬಿಡುವುದಿಲ್ಲ. ಇದನ್ನು ನೋಡಿ ನೋಡಿ ಸುನಂದಾಳಿಗೆ ಒಂದು ಆಸೆ ಹುಟ್ಟಿತು. ತಿಪಟೂರಿನಲ್ಲಿ ತನ್ನದೂ ಒಂದು ಕಟ್ಟಡ ಇರಬೇಕು, ತೋಟ ಕೈಕೊಟ್ಟರೂ ಬಾಡಿಗೆ ಕೈಬಿಡಬಾರದು.

ಬಿಳಿಗೆರೆಯ ಮೋಹನ್ ಕುಮಾರ್ ಸೈಟು ಮಾರಿಸುವ ಬ್ರೋಕರ್. ಮೊದಲು ದಿನವೂ ಇವಳ ಬಸ್ಸಿಗೇ ಬರುತ್ತಿದ್ದವನು, ಈಗ ಕಾರು ಇಟ್ಟಿದ್ದ. ಅವನು ತೋರಿಸಿದ್ದು ಬಸ್ಸಿನ ದಾರಿಯಲ್ಲೇ, ತಿಪಟೂರಿಗೆ ಸ್ವಲ್ಪ ಮುಂಚೆ ಸಿಗುವ ಹೊಸ ಬಡಾವಣೆ. ಬಣ್ಣ ಬಳಿದ ಕಮಾನು, ಸಾಲಾಗಿ ನೆಟ್ಟ ಬಿಳಿ ಕಲ್ಲು, ಆಗಲೇ ಹಾಕಿದ್ದ ಡಾಂಬರು ರಸ್ತೆ.

"ಈಗ ತಗಂಡ್ರೆ ತಗಂಡಂಗೆ ಕಣಕ್ಕಾ. ಮುಂದಿನ ವರ್ಸ ಈ ಕಡೆ ತಿರುಗಿ ನೋಡಕ್ಕಾಗಲ್ಲ" ಅಂದ ಮೋಹನ್ ಕುಮಾರ್.

ಸುನಂದಾಳಿಗೆ ಮೂಲೆಯ ಸೈಟು ಹಿಡಿಸಿತು. ದಿನಾ ಬಸ್ಸಿನ ಕಿಟಕಿಯಿಂದ ಅದನ್ನು ನೋಡುವುದು, ಅಲ್ಲಿ ಎರಡಂತಸ್ತಿನ ಮನೆ ಎದ್ದಂತೆ ಊಹಿಸಿಕೊಳ್ಳುವುದು ಅಭ್ಯಾಸವಾಯಿತು. ಸೋಮವಾರ ಮುಂಗಡ ಕೊಡುವುದೆಂದು ಮಾತಾಯಿತು.

ಆ ವರ್ಷದ ಮಳೆಯನ್ನು ಆ ಸೀಮೆಯವರು ಇನ್ನೂ ಮರೆತಿಲ್ಲ. ಬಿಟ್ಟೂ ಬಿಡದೆ ಸುರಿಯಿತು. ಮುಂಗಡ ಕೊಡಬೇಕಾಗಿದ್ದ ಸೋಮವಾರದ ಹಿಂದಿನ ದಿನ, ಮಧ್ಯಾಹ್ನದ ಟ್ರಿಪ್ಪಿನಲ್ಲಿ, ಡ್ರೈವರ್ ದಯಾನಂದ್ ಬಡಾವಣೆಯ ಹತ್ತಿರ ಗಕ್ಕನೆ ಬ್ರೇಕ್ ಹಾಕಿದ. ಮುಂದೆ ರಸ್ತೆಯ ಮೇಲೆ ಕೆಂಪು ನೀರು ಹರಿಯುತ್ತಿತ್ತು. ಮೇಲಿನ ಕೆರೆ ತುಂಬಿ ಕೋಡಿ ಹರಿದಿತ್ತು.

ಜನರೆಲ್ಲ ಇಳಿದು ರಸ್ತೆಯಂಚಿಗೆ ನಿಂತರು. ಸುನಂದಾಳೂ ಇಳಿದಳು. ನೀರು ರಸ್ತೆ ದಾಟಿ, ಕಮಾನಿನ ಒಳಕ್ಕೇ ನುಗ್ಗಿ, ಡಾಂಬರು ರಸ್ತೆ ಹಿಡಿದು ಹೊರಟಿತು. ಅದಕ್ಕೇನೂ ಅವಸರವಿರಲಿಲ್ಲ. ತವರಿಗೆ ಬಂದ ಮಗಳು ಕತ್ತಲಲ್ಲೂ ಅಡುಗೆಮನೆಗೆ ನೆಟ್ಟಗೆ ನಡೆಯುವಂತೆ, ಎಲ್ಲಿ ತಿರುಗಬೇಕೋ ಅಲ್ಲಿ ತಿರುಗಿ, ಎಲ್ಲಿ ಇಳಿಯಬೇಕೋ ಅಲ್ಲಿ ಇಳಿಯಿತು. ಬಿಳಿ ಕಲ್ಲುಗಳು ಒಂದೊಂದಾಗಿ ಮುಳುಗಿದವು. ಮೂಲೆಯ ಸೈಟಿನ ಕಲ್ಲು ಎಲ್ಲಕ್ಕಿಂತ ಮೊದಲೇ ಹೋಯಿತು. ನೋಡನೋಡುತ್ತ ಬಡಾವಣೆಯಿದ್ದ ಜಾಗದಲ್ಲಿ ಒಂದು ಹಳ್ಳ ಮೊರೆಯುತ್ತಿತ್ತು. ಕಮಾನಿನ ಕೆಳಗೆ ಮೀನು ನೆಗೆಯುತ್ತಿದ್ದವು.

ಪ್ರಯಾಣಿಕರಲ್ಲಿ ವೆಂಕಟಯ್ಯ ಎನ್ನುವ ಹಿರಿಯರಿದ್ದರು. ಚಪ್ಪಲಿ ಬಿಟ್ಟು ಕೈಮುಗಿದರು.

"ಕೋಡಿ ಬಿತ್ತು ಕಣ್ರಪ್ಪೋ! ನಾನು ಹೈದ ಇದ್ದಾಗ ನೋಡಿದ್ದು. ಇಷ್ಟು ವರ್ಸ ಆದ್ರೂ ಹಳೇ ಹಾದಿ ಮರ್ತಿಲ್ಲ ನೋಡ್ರಿ ಗಂಗವ್ವ!"

ಸುನಂದಾಳಿಗೆ ಮೈ ಜುಂ ಎಂದಿತು. ನಷ್ಟ ತಪ್ಪಿತಲ್ಲ ಎನ್ನುವ ಸಮಾಧಾನ ಆಮೇಲೆ ಬಂದದ್ದು. ಆ ಗಳಿಗೆಯಲ್ಲಿ ಇದ್ದದ್ದು ಬರೀ ಬೆರಗು. ಅಷ್ಟು ವರ್ಷದಿಂದ ದಿನವೂ ಈ ರಸ್ತೆಯಲ್ಲಿ ಓಡಾಡಿದರೂ, ಕಾಲ ಕೆಳಗೆ ಒಂದು ಹೊಳೆ ಮಲಗಿತ್ತೆಂದು ಅವಳಿಗೆ ಹೊಳೆದಿರಲಿಲ್ಲ. ಅವಳೂ ಕೈಮುಗಿದಳು.

ಸಂಜೆ ಮೋಹನ್ ಕುಮಾರ್ ಬಸ್ ಸ್ಟ್ಯಾಂಡಿಗೇ ಹುಡುಕಿಕೊಂಡು ಬಂದ. ಮುಖ ಬಿಳಿಚಿಕೊಂಡಿತ್ತು.

"ದೇವರಾಣೆ ನಂಗೂ ಗೊತ್ತಿರ್ಲಿಲ್ಲ ಕಣಕ್ಕಾ. ನಮ್ ತಂಗಿ ಹೆಸ್ರಿಗೆ ಅಲ್ಲೇ ಒಂದು ಸೈಟು ಹಿಡಿದಿದ್ದೆ."

"ಬುಡು, ನೀನೇನ್ ಮಾಡ್ತೀಯ. ಇನ್ಮ್ಯಾಕೆ ಮೊದ್ಲು ಹಳೇ ಸರ್ವೆ ನಕ್ಷೆ ತೆಗಿಸನ, ರೇಟಿನ ಮಾತು ಆಮ್ಯಾಕೆ ಇರ್ಲಿ" ಅಂದಳು ಸುನಂದಾ.

ಅಲ್ಲಿಂದ ಮುಂದೆ ಅವಳು ಯಾವುದಕ್ಕೂ ಅವಸರ ಮಾಡಲಿಲ್ಲ. ರಜಾ ದಿನಗಳಲ್ಲಿ ತಿಪಟೂರಿನ ಬೀದಿ ಬೀದಿ ನಡೆದಳು. ಮಾರಾಟಕ್ಕಿದ್ದ ಮನೆಯನ್ನು ಬಿಸಿಲಲ್ಲಿ ನೋಡಿದರೆ ಮಳೆಯಲ್ಲೂ ಹೋಗಿ ನೋಡುವಳು. ಮಾಲೀಕರನ್ನು ಬಿಟ್ಟು ಅಕ್ಕಪಕ್ಕದವರನ್ನು ವಿಚಾರಿಸುವಳು: ನಲ್ಲಿ ನೀರು ಯಾವಾಗ ಬರುತ್ತದೆ, ಚರಂಡಿ ಎಲ್ಲಿ ಕಟ್ಟಿಕೊಳ್ಳುತ್ತದೆ, ಬಾಡಿಗೆಯವರು ಯಾಕೆ ಬಿಟ್ಟು ಹೋದರು.

"ಎತ್ತಿನ ಹಲ್ಲು ಹಿಡಿದು ನೋಡ್ದಂಗೆ ನೋಡ್ತೀಯಲ್ಲೇ" ಎಂದು ಭೀಮರಾಜು ನಗುತ್ತಿದ್ದ.

ಕೊನೆಗೆ ಮೋಹನ್ ಕುಮಾರನೇ ಒಂದು ಹಳೆಯ ಕಟ್ಟಡಕ್ಕೆ ಕರೆದೊಯ್ದ. ಕೊಬ್ಬರಿ ವ್ಯಾಪಾರಿ ಶಂಭುಲಿಂಗಯ್ಯನವರದು. ತಂದೆಯ ಕಾಲದಿಂದ ಕಾಯಿ ತುಂಬಿಡುತ್ತಿದ್ದ ಮನೆ. ವ್ಯಾಪಾರ ಹೊಸ ಗೋಡೌನಿಗೆ ಹೋದ ಮೇಲೆ ಬೀಗ ಬಿದ್ದಿತ್ತು. ಮುಂದೆ ದೊಡ್ಡ ಹಜಾರ, ಹಿಂದೆ ಎರಡು ಕೋಣೆ ಮತ್ತು ಬಾವಿಯ ಅಂಗಳ. ಗೋಡೆಯ ಗಾರೆ ಉದುರಿತ್ತು, ಹೆಂಚು ಜಾರಿತ್ತು. ಭೀಮರಾಜು ಹೊಸಲಲ್ಲೇ ನಿಂತು ತಲೆಯಾಡಿಸಿದ.

ಸುನಂದಾ ಏಣಿ ಹತ್ತಿ ಅಟ್ಟಕ್ಕೆ ಹೋದಳು. ಹಜಾರದುದ್ದಕ್ಕೂ ಹಬ್ಬಿದ್ದ ಅಟ್ಟ ಅದು. ಗಾಳಿಯಾಡಲೆಂದು ಸಂದು ಬಿಟ್ಟು ಜೋಡಿಸಿದ ಮರದ ಪಟ್ಟಿಗಳು. ವರ್ಷ ವರ್ಷವೂ ಲಕ್ಷಾಂತರ ಕಾಯಿ ತಿಂಗಳುಗಟ್ಟಲೆ ಕೂತು, ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿಯಾಗಿದ್ದು ಇಲ್ಲೇ. ಅವಳು ತೊಲೆಯ ಮೇಲೆ ಅಂಗೈ ಇಟ್ಟಳು. ಕಪ್ಪಗೆ ಮಿರುಗುತ್ತಿದ್ದ ಆ ಮರ ಎಣ್ಣೆ ಹಚ್ಚಿ ಬಾಚಿದ ತಲೆಯಷ್ಟು ನುಣುಪಾಗಿತ್ತು. ಅಂಗೈಗೆ ಎಣ್ಣೆಯ ಪಸೆ ಅಂಟಿತು. ಎಷ್ಟು ಊರಿನ ತೋಟಗಳ ಬೆಳೆ ಇಲ್ಲಿ ಉಸಿರಾಡಿತ್ತೋ ಎನ್ನಿಸಿ, ಅವಳು ಗುಡಿಯೊಳಗೆ ಮಾತಾಡುವಷ್ಟು ಮೆಲ್ಲಗೆ ಗಂಡನನ್ನು ಕರೆದಳು:

"ಮ್ಯಾಕೆ ಬನ್ರೀ, ಒಸಿ ನೋಡ್ರೀ."

ಭೀಮರಾಜು ಹತ್ತಿ ಬಂದ. ಆಮೇಲೆ ಅವನು ತಲೆಯಾಡಿಸಲಿಲ್ಲ.

ವಕೀಲರು ಕಾಗದ ನೋಡಿ ಒಂದು ಮಾತು ಹೇಳಿದರು. ಋಣಭಾರ ಪತ್ರ ಚೊಕ್ಕವಾಗಿದೆ, ಆದರೆ ಇದು ತಂದೆಯ ಆಸ್ತಿ. ಶಂಭುಲಿಂಗಯ್ಯನವರ ತಂಗಿಯ ಸಹಿಯಿಲ್ಲದೆ ಕೊಳ್ಳಬೇಡಿ.

"ಅವಳಿಗೆ ಮದ್ವೇಲೇ ಎಲ್ಲಾ ಕೊಟ್ಟಾಗೈತೆ ಕಣಮ್ಮಾ" ಎಂದರು ಶಂಭುಲಿಂಗಯ್ಯ.

"ಇರ್ಬೋದು ಯಜಮಾನ್ರೇ. ಆದ್ರೂ ಅವ್ರನ್ನ ಕೇಳ್ದಲೆ ನಾನು ಇನ್ನೊಂದ್ಸಲ ಈ ಮನೆ ಹೊಸಲು ದಾಟಲ್ಲ" ಎಂದಳು ಸುನಂದಾ. ಮಾತು ಕಡ್ಡಿ ಮುರಿದಂತಿತ್ತು, ದನಿ ಮಾತ್ರ ಮೆತ್ತಗಿತ್ತು.

ತಂಗಿ ಶಿವರುದ್ರಮ್ಮ ಕಂದಿಕೆರೆಯಲ್ಲಿದ್ದರು. ಸುನಂದಾ ಬಸ್ಸು ಹಿಡಿದು ಹೋಗಿ ವಿಷಯ ಹೇಳಿದಳು. ಶಿವರುದ್ರಮ್ಮ ಮಜ್ಜಿಗೆಯ ಲೋಟ ಕೊಟ್ಟು ಅವಳ ಮುಖವನ್ನೇ ನೋಡುತ್ತ ಕೂತರು.

"ನನ್ನ ಕೇಳಕ್ಕೆ ಅಂತ ಇಷ್ಟು ದೂರ ಬಂದ್ಯೇನವ್ವ? ಒಂದ್ಸಲ ಆ ಮನೆ ನೋಡ್ಬೇಕು, ಆಮೇಲೆ ಹೇಳ್ತೀನಿ."

ಮುಂದಿನ ವಾರ ಬಂದರು. ಆ ವಯಸ್ಸಿನಲ್ಲೂ ಯಾರ ಕೈಯನ್ನೂ ಹಿಡಿಯದೆ ಏಣಿ ಹತ್ತಿದರು. ಅಟ್ಟದ ಮೂಲೆಯಲ್ಲಿ ಯಾರೋ ಮರೆತ ಒಂದು ಕಾಯಿ ಬಿದ್ದಿತ್ತು. ಎತ್ತಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ಒಣಗಿದ ಕೊಬ್ಬರಿ ಗಿಟುಕು ಗಡಗಡ ಎಂದಿತು. ಕೆಳಗೆ ನಿಂತಿದ್ದ ಶಂಭುಲಿಂಗಯ್ಯ ತಲೆಯೆತ್ತಿದರು.

"ಅಣ್ಣಯ್ಯಾ, ಕೇಳಿಸ್ತಾ? ಅಪ್ಪ ನಮ್ಮಿಬ್ರನ್ನೂ ಕೂರಿಸ್ಕಂಡು ಯಾವ್ದು ಕೊಬ್ಬರಿ ಆಗೈತೆ, ಯಾವ್ದು ಆಗಿಲ್ಲ ಅಂತ ಕೇಳೋರು. ನೀನು ಯಾವಾಗ್ಲೂ ತಪ್ಪು ಹೇಳ್ತಿದ್ದೆ."

ಶಂಭುಲಿಂಗಯ್ಯ ನಕ್ಕರು. ನಗುತ್ತ ನಗುತ್ತಲೇ ಶಲ್ಯದ ತುದಿಯಿಂದ ಕಣ್ಣೊರೆಸಿಕೊಂಡರು. ಅಂದೇ ಅವರು ತಂಗಿಗೂ ಪಾಲು ಸೇರಲಿ ಎಂದರು. ನೋಂದಣಿ ಕಚೇರಿಯಲ್ಲಿ ಅಣ್ಣ ತಂಗಿ ಅಕ್ಕಪಕ್ಕ ಕೂತು ಸಹಿ ಹಾಕಿದರು. ಹೊರಡುವಾಗ ಶಿವರುದ್ರಮ್ಮ ಸುನಂದಾಳ ಕೈಹಿಡಿದು, "ಅಟ್ಟ ಕೀಳಿಸ್ಬ್ಯಾಡ ತಾಯಿ, ಎಣ್ಣೆ ಕುಡಿದಿರೋ ಮರ. ಗೆದ್ದಲು ಹತ್ರ ಸುಳಿಯಲ್ಲ" ಎಂದರು.

ಮನೆ ಕೊಂಡದ್ದೇನೋ ಆಯಿತು. ಮನೆಯೊಡತಿಯಾಗುವುದು ಬೇರೆಯೇ ಪಾಠವಾಗಿತ್ತು. ಹೆಂಚು ಕೈಯಾಡಿಸಿ, ವೈರಿಂಗ್ ಬದಲಿಸಿ, ಹೊಸ ಕಕ್ಕಸು ಕಟ್ಟಿಸುವಷ್ಟರಲ್ಲಿ ಅಂದುಕೊಂಡದ್ದರ ದುಪ್ಪಟ್ಟು ಖರ್ಚಾಯಿತು. ಮೊದಲ ಮಳೆಗೇ ಹಿಂದಿನ ಕೋಣೆ ಸೋರಿತು. ಆಮೇಲಿಂದ ಪ್ರತಿ ಬಾಡಿಗೆಯಲ್ಲೂ ಒಂದು ಭಾಗವನ್ನು ಆ ಮನೆಯ ರಿಪೇರಿಗೇ ಎಂದು ಎತ್ತಿಡುವ ರೂಢಿ ಮಾಡಿಕೊಂಡಳು.

ಹಿಂದಿನ ಭಾಗಕ್ಕೆ ಬಂದವಳು ಜೀವಿತಾ, ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಕೆಲಸ, ಜೊತೆಗೆ ತಾಯಿ. ಒಂದು ದಿನ ನಲ್ಲಿ ಸೋರುತ್ತಿದೆಯೇ ನೋಡೋಣವೆಂದು ಸುನಂದಾ ತನ್ನ ಬಳಿಯಿದ್ದ ಕೀಲಿಯಿಂದ ಬಾಗಿಲು ತೆಗೆದು ಒಳಗೆ ಹೋದಳು. ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಜೀವಿತಾ ಬೆಚ್ಚಿ ಎದ್ದು ಕೂತಳು.

"ಆಂಟಿ, ಬರೋಕ್ ಮುಂಚೆ ಒಂದು ಫೋನ್ ಮಾಡಿ ಪ್ಲೀಸ್. ಈಗ ಇದು ನಮ್ಮನೆ ಅಲ್ವಾ?"

ಸುನಂದಾಳಿಗೆ ನಾಚಿಕೆಯಾಯಿತು. ಬಸ್ಸಿನಲ್ಲಿ ಹಿಂತಿರುಗುವಾಗ ಆ ಮಾತು ಬೇರೊಂದು ಬಗೆಯಲ್ಲಿ ಕೇಳತೊಡಗಿತು. ತಾನು ಕೊಟ್ಟದ್ದು ನಾಲ್ಕು ಗೋಡೆ, ಒಂದು ಕೀಲಿ. ಅಷ್ಟರಿಂದಲೇ ಯಾರೋ ಅದನ್ನು "ನಮ್ಮನೆ" ಎನ್ನುತ್ತಾರೆ, ಅಲ್ಲಿ ನಿಶ್ಚಿಂತೆಯಿಂದ ಕಣ್ಣು ಮುಚ್ಚುತ್ತಾರೆ. ಎಂಥ ಆಶ್ಚರ್ಯ! ಮುಂದಿನ ಸಲ ಅವಳು ಫೋನ್ ಮಾಡಿ, ಹೋಗಿ, ಬಾಗಿಲು ತಟ್ಟಿ ನಿಂತಳು.

ಹಜಾರ ಕೇಳಿಕೊಂಡು ಬಂದವರು ತೋಂಟದಾರ್ಯ, ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರು. ಗಲಾಟೆಯೆಂದು ಯಾರೂ ಅವರಿಗೆ ಜಾಗ ಕೊಟ್ಟಿರಲಿಲ್ಲ. ಸುನಂದಾ ತಕ್ಷಣ ಹೂಂ ಅನ್ನಲಿಲ್ಲ. ಜೀವಿತಾಳನ್ನೂ ನೆರೆಯವರನ್ನೂ ಕೇಳಿದಳು. ರಾತ್ರಿ ಊಟದ ಹೊತ್ತಿಗೆ ನಿಲ್ಲಿಸಬೇಕು, ಜೀವಿತಾಳ ರಾತ್ರಿ ಪಾಳಿಯಿದ್ದಾಗ ಹಗಲು ಬಾರಿಸುವಂತಿಲ್ಲ ಎಂದು ಕರಾರಿನಲ್ಲೇ ಬರೆಸಿ, ಹನ್ನೊಂದು ತಿಂಗಳಿಗೆ ಕೊಟ್ಟಳು.

ಹಜಾರದ ಮೊದಲ ಬಾಡಿಗೆಗೆಂದು ಗಂಡ ಹೆಂಡತಿ ಒಂದು ಸಂಜೆ ಹೋದರು. ಬಾಗಿಲ ಹೊರಗೇ ಇಬ್ಬರೂ ನಿಂತುಬಿಟ್ಟರು. ಒಳಗೆ ಮೇಷ್ಟ್ರು ಹಾರ್ಮೋನಿಯಂ ನುಡಿಸುತ್ತಿದ್ದರು. ಯಾವುದೋ ಊರಿನ ರೈತನೊಬ್ಬ ಕರ್ಣನ ಪಾತ್ರದ ಕಂದಪದ್ಯ ಹೇಳುತ್ತಿದ್ದ. ದನಿ ಮೇಲಕ್ಕೇರಿ ಅಟ್ಟದ ಸಂದುಗಳಲ್ಲಿ ಹೊಕ್ಕು ತಿರುಗಿ, ಇಮ್ಮಡಿಯಾಗಿ, ಇಡೀ ಕಟ್ಟಡವೇ ಶ್ರುತಿ ಹಿಡಿದಂತೆ ಕೆಳಗಿಳಿಯುತ್ತಿತ್ತು. ಸುನಂದಾ ಬಾಗಿಲ ಚೌಕಟ್ಟಿನ ಮೇಲೆ ಕೈಯಿಟ್ಟಳು. ಮರ ಅದುರುತ್ತಿತ್ತು. ಜೀವಿತಾ ಮತ್ತು ಅವಳ ತಾಯಿ ಆಗಲೇ ಜಗಲಿಯ ಮೇಲೆ ಕೂತು ಕೇಳುತ್ತಿದ್ದರು.

ಭೀಮರಾಜು ಬಾಗಿಲು ತಟ್ಟಲು ಕೈಯೆತ್ತಿದ. ಸುನಂದಾ ಆ ಕೈಯನ್ನು ಹಿಡಿದು ಕೆಳಗಿಳಿಸಿದಳು.

"ಪದ ಮುಗೀಲಿ ತಡೀರಿ" ಎಂದು ಪಿಸುಗುಟ್ಟಿದಳು.

ಜೀವಿತಾಳ ತಾಯಿ ಸರಿದು ಜಾಗ ಮಾಡಿಕೊಟ್ಟರು. ಮನೆಯೊಡತಿ ಬಾಡಿಗೆಯವರ ಪಕ್ಕದಲ್ಲಿ ಕೂತು, ಗೋಡೆಗೆ ತಲೆಯಾನಿಸಿ ಕೇಳತೊಡಗಿದಳು.