ಹೊಂಗೆ ಮರದ ನೆರಳು ಬಿಟ್ಟುಕೊಟ್ಟವರು

ಕೆಳಗಿನ ಮನೆ ಅಂಕಲ್ ಯಾವುದನ್ನೂ ಮೊದಲಿಗೆ ಅಂಗೈಯಿಂದ ಮುಟ್ಟಿದ್ದನ್ನು ನಾನು ಕಂಡಿಲ್ಲ. ಗೇಟು, ಕಾಫಿ ಲೋಟ, ನೀರಿನ ಮೋಟಾರು, ಜ್ವರ ಬಂದ ಮೊಮ್ಮಗಳ ಹಣೆ, ಎಲ್ಲಕ್ಕೂ ಕೈ ತಿರುಗಿಸಿ, ಕಪ್ಪಾಗಿ ಒರಟಾದ ಗೆಣ್ಣುಗಳನ್ನು ತಾಗಿಸಿ ನೋಡುತ್ತಿದ್ದರು. "ಕರೆಂಟ್ ಇದ್ರೆ ಅಂಗೈ ಮುಚ್ಕೊಂಡ್ಬಿಡುತ್ತೆ ಕಣಮ್ಮ, ಆಮೇಲೆ ಬಿಡಿಸ್ಕೊಳ್ಳೋಕಾಗಲ್ಲ" ಅನ್ನುತ್ತಿದ್ದರು. ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಸಾಮಾನು ಸಾಗಿಸುವ ಬ್ಯಾಟರಿ ಗಾಡಿಗಳನ್ನು ಮೂವತ್ತು ವರ್ಷ ನೋಡಿಕೊಂಡವರು. ರಿಟೈರಾದ ಮೇಲೆ ಅವರಿಗೆ ನೋಡಿಕೊಳ್ಳಲು ಉಳಿದದ್ದು ಒಂದು ಹಳೇ ಸ್ಕೂಟರು, ಅದಕ್ಕೆ ನೆರಳು ಕೊಡುವ ಒಂದು ಹೊಂಗೆ ಮರ.

ಬಸವೇಶ್ವರನಗರದ ನಮ್ಮ ಮನೆ ಮುಂದಿನ ಆ ಮರವನ್ನು ನೆಟ್ಟವರೂ ಅವರೇ. ಅದರ ಕೆಳಗೆ ಬೇರೆಯವರು ಗಾಡಿ ನಿಲ್ಲಿಸಿದರೆ ಕಿಟಕಿಯಿಂದಲೇ ಕೇಳುತ್ತಿದ್ದರು, "ಸಸಿ ಇದ್ದಾಗ ನೀರು ಹಾಕೋಕೆ ಬಂದಿದ್ಯೇನಪ್ಪ?" ಮಹಡಿ ಮೇಲೆ ಬಾಡಿಗೆಗಿದ್ದ ನಮ್ಮ ಮನೆಗೆ ಬಂದ ನೆಂಟರಿಗೂ ಅದೇ ಮಾತು. ಅವರ ಜಿಗುಟುತನಕ್ಕೆ ನಾನು ಒಳಗೊಳಗೇ ಬೈದುಕೊಂಡದ್ದುಂಟು.

ನನ್ನಮ್ಮನಿಗೆ ಕಿಡ್ನಿ ಕೆಟ್ಟು ವಾರಕ್ಕೆ ಮೂರು ದಿನ ಡಯಾಲಿಸಿಸ್ ಶುರುವಾಯಿತು. ಜಾಗ ಸಿಕ್ಕಿದ್ದು ಕೆಂಗೇರಿಯಲ್ಲಿ. ಕೆಂಗೇರಿ ಅಂದರೆ ಆಟೋದವರು ಮುಖ ತಿರುಗಿಸಿಕೊಂಡು ಹೋಗುತ್ತಾರೆ. ಸಿಕ್ಕರೂ ಮೈಸೂರು ರೋಡಿನ ಹೊಗೆಗೆ, ಕುಲುಕಾಟಕ್ಕೆ ಅಮ್ಮ ದಾರಿಯಲ್ಲೇ ವಾಂತಿ ಮಾಡಿಕೊಳ್ಳುತ್ತಿದ್ದಳು. ಒಂದು ದಿನ "ಸಾಕು ಕಣೇ, ನಾನು ಹೋಗಲ್ಲ" ಅಂತ ಚಪ್ಪಲಿ ಬಿಚ್ಚಿ ಕೂತುಬಿಟ್ಟಳು. ಹೋಗದಿದ್ದರೆ ಅಮ್ಮ ಉಳಿಯುತ್ತಿರಲಿಲ್ಲ. ಆವತ್ತೇ ನಾನು ಕಾರು ಹುಡುಕಲು ಶುರು ಮಾಡಿದೆ. ಬ್ಲೌಸ್ ಹೊಲಿದು ಬದುಕುವವಳಿಗೆ ಹೊಸದು ಎಲ್ಲಿಂದ ಬರಬೇಕು? ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರೊಂದು ಸಿಕ್ಕಿತು. ಹೊಗೆಯಿಲ್ಲ, ಕುಲುಕುವುದಿಲ್ಲ, ಫುಲ್ ಚಾರ್ಜಿಗೆ ನೂರು ಕಿಲೋಮೀಟರ್ ಅಂತ ಡೀಲರ್ ಹೇಳಿದ.

ಅಂಕಲ್‌ಗೆ ಹೇಳಿದಾಗ ಅವರು ಬಣ್ಣ ಕೇಳಲಿಲ್ಲ, ಎಷ್ಟು ಓಡಿದೆ ಅಂತಲೂ ಕೇಳಲಿಲ್ಲ. "ಮಧ್ಯಾಹ್ನ ಎರಡು ಗಂಟೆ ಬಿಸಿಲಲ್ಲಿ ಎಸಿ ಹಾಕ್ಕೊಂಡು ಓಡ್ಸು. ಚಾರ್ಜ್ ಕಾಲು ಭಾಗಕ್ಕೆ ಇಳಿಯೋವರೆಗೂ ಓಡ್ಸು. ಹಳೇ ಬ್ಯಾಟರಿ ತಂಪೊತ್ತಲ್ಲಿ ಎಲ್ಲಾರ್ಗೂ ಒಳ್ಳೇದೇ. ಸೆಖೇಲಿ ಅದರ ಬಣ್ಣ ಬಯಲಾಗುತ್ತೆ. ಮಿಕ್ಕಿದ್ದೆಲ್ಲ ಬರೀ ಪೇಂಟು." ನಾನೂ ಬರ್ತೀನಿ ಅಂದರು.

ಅಷ್ಟು ಮಾಡಿದ್ದರೆ ಸಾಕಿತ್ತು. ಆದರೆ ಮಾರನೇ ದಿನ ಅಕ್ಷಯ ತದಿಗೆ. ಅಮ್ಮ ಪಂಚಾಂಗ ಹಿಡಿದು ಕೂತಳು. ಬೆಳಿಗ್ಗೆ ಏಳೂವರೆಗೆ ಒಳ್ಳೇ ಗಳಿಗೆ, ತಂದರೆ ಆಗಲೇ ತರಬೇಕು, ಹಳೇದಾದರೂ ನಮಗೆ ಹೊಸದೇ ತಾನೆ. ಡೀಲರೂ ಆ ಕಡೆಯಿಂದ, ಹಬ್ಬದ ದಿನ ಇನ್ನಿಬ್ಬರು ನೋಡಲು ಬರುತ್ತಿದ್ದಾರೆ ಅಂತ ಫೋನಿನಲ್ಲಿ ಊದಿದ. ನಾನು ತಂಪು ಹೊತ್ತಲ್ಲಿ ಹೋಗಿ, ಎರಡು ರೌಂಡು ಹೊಡೆದು, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಮನೆಗೆ ತಂದೆ. ಅಂಕಲ್ ಹೊರಗೆ ಬಂದು ಬಾನೆಟ್ಟಿಗೆ ಗೆಣ್ಣು ತಾಗಿಸಿ, "ಬಿಸಿಲಲ್ಲಿ ನೋಡಿದ್ಯಾಮ್ಮ?" ಅಂದರು.

"ನಿನ್ನೆ ಮಧ್ಯಾಹ್ನವೇ ನೋಡ್ದೆ ಅಂಕಲ್" ಅಂದೆ. ಯಾಕೆ ಹಾಗೆ ಅಂದೆನೋ, ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು.

ಎರಡನೇ ವಾರಕ್ಕೇ ಗಾಡಿ ತನ್ನ ಬುದ್ಧಿ ತೋರಿಸಿತು. ಬೆಳಿಗ್ಗೆ ಅಮ್ಮನನ್ನು ಕೆಂಗೇರಿಯಲ್ಲಿ ಬಿಟ್ಟು, ಮನೆಗೆ ಬಂದು ಹೊಲಿಗೆ ಮುಗಿಸಿ, ಮಧ್ಯಾಹ್ನ ಕರೆತರಬೇಕು. ಅದೇ ದಾರಿ ನಾಲ್ಕು ಸಲ. ಮಧ್ಯದಲ್ಲಿ ಗಾಡಿ ಮನೆ ಎದುರಿನ ಬಿಸಿಲಲ್ಲಿ ಕಾಯುತ್ತಿತ್ತು. ಆವತ್ತು ಅಮ್ಮನನ್ನು ಹತ್ತಿಸಿಕೊಂಡಾಗ ಚಾರ್ಜು ಮೂವತ್ತೈದು ತೋರಿಸುತ್ತಿದ್ದದ್ದು ರಾಜರಾಜೇಶ್ವರಿನಗರದ ಆರ್ಚು ದಾಟುವಷ್ಟರಲ್ಲಿ ಹದಿನಾಲ್ಕಕ್ಕೆ ಬಿತ್ತು. ಎಸಿ ಆರಿಸಿದೆ. ದೀಪಾಂಜಲಿ ನಗರದ ಮೆಟ್ರೋ ಕಂಬದ ಹತ್ತಿರ ಗಾಡಿ ಆಮೆಯಾಗಿ, ಆಮೇಲೆ ನಿಂತೇಹೋಯಿತು. ಹಿಂದೆ ಬಸ್ಸಿನವರ ಹಾರನ್ನು, ಒಳಗೆ ಕಾದ ಸೀಟಿನಲ್ಲಿ ಬಾಯಿ ಒಣಗಿದ ಅಮ್ಮ. ಹೊಟ್ಟೆ ತುಂಬ ನೀರು ಕುಡಿ ಅನ್ನುವ ಹಾಗೂ ಇಲ್ಲ, ಡಾಕ್ಟರು ಅಳೆದು ಕೊಡಿ ಅಂದಿದ್ದರು. ಡೀಲರಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ನಾಚಿಕೆ ಬಿಟ್ಟು ಅಂಕಲ್‌ಗೆ ಮಾಡಿದೆ.

ಸ್ಕೂಟರಿನಲ್ಲಿ ಬಂದರು. ಬಗ್ಗಿ, ಗಾಡಿಯ ಹೊಟ್ಟೆಗೆ ಕೈಯ ಹಿಂಬದಿ ತಾಗಿಸಿ, ಚುರುಕ್ಕನೆ ತೆಗೆದರು. ನನ್ನನ್ನೇ ನೋಡಿದರು.

"ಮಧ್ಯಾಹ್ನ ನೋಡಿರ್ಲಿಲ್ಲ, ಅಲ್ವಾ?"

ನಾನು ಅಮ್ಮನ ಕಡೆಯ ಬಾಗಿಲು ತೆಗೆದು ಸೆರಗಿನಿಂದ ಗಾಳಿ ಹಾಕತೊಡಗಿದೆ. ಅವರು ಮುಂದೆ ಕೇಳಲಿಲ್ಲ. ಅಮ್ಮನಿಗೆ ಟ್ಯಾಕ್ಸಿ ಹಿಡಿದು ಕೊಟ್ಟು, ಗಾಡಿ ಎಳೆಸಿಕೊಂಡು ಬಂದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಲಾದರೂ ಅನ್ನಬಹುದಿತ್ತು. ಅನ್ನಲಿಲ್ಲ. ಮಾರನೇ ದಿನದಿಂದ ಮೂರು ಮಧ್ಯಾಹ್ನ ನನ್ನ ಪಕ್ಕ ಕೂತು, ಬೆವರು ಒರೆಸಿಕೊಳ್ಳುತ್ತ, ಎಷ್ಟು ದೂರಕ್ಕೆ ಎಷ್ಟು ಇಳಿಯುತ್ತದೆ ಅಂತ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದುಕೊಂಡರು.

"ಸೆಖೇಲಿ ನಲವತ್ತು ಕಿಲೋಮೀಟರು. ಅಷ್ಟೇ ಇದರ ಯೋಗ್ಯತೆ" ಅಂದರು. "ಬೆಳಿಗ್ಗೆ ಬಂದ್ಮೇಲೆ ಒಂದು ಗಂಟೆ ನೆರಳಲ್ಲಿ ಆರಕ್ಕೆ ಬಿಡು. ಬಿಸಿ ಬಿಸಿ ಇದ್ದಾಗ್ಲೇ ಚಾರ್ಜಿಗೆ ಹಾಕ್ಬೇಡ. ಆರಿದ್ಮೇಲೆ ಹಾಕು. ನಿಮ್ಮಮ್ಮ ಮನೆ ಸೇರ್ತಾರೆ."

ನೆರಳು ಎಲ್ಲಿದೆ ಅಂತ ಕೇಳುವಷ್ಟರಲ್ಲಿ ಅವರು ಸ್ಕೂಟರನ್ನು ತಳ್ಳಿಕೊಂಡು ಹೋಗಿ ಎದುರಿನ ಬಿಸಿಲಲ್ಲಿ ಸ್ಟ್ಯಾಂಡ್ ಹಾಕಿ ಬಂದರು. ಆಮೇಲೆ ನಮ್ಮ ಮೀಟರಿನಿಂದ ವೈರೆಳೆಸಿ ಮರದ ಪಕ್ಕದ ಗೋಡೆಗೆ ಪ್ಲಗ್ ಕೂರಿಸಿದರು. ಮುಂದಿನ ಬೇಸಿಗೆಗೆ ಆ ಸ್ಕೂಟರಿನ ಸೀಟು ಬಿರಿದು ಸ್ಪಂಜು ಹೊರಗೆ ಬಂತು. ನಾನು ದಿನಾ ಮೆಟ್ಟಿಲಿಳಿಯುವಾಗ ಅದನ್ನು ನೋಡಬೇಕಿತ್ತು. ಬೈದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಆ ಮನುಷ್ಯ ಅದಕ್ಕೂ ಅವಕಾಶ ಕೊಡಲಿಲ್ಲ.

ಈ ವರ್ಷ ಶಿವರಾತ್ರಿ ಕಳೆದ ವಾರ, ನಸುಕಿನಲ್ಲಿ ಎದೆ ನೋವು ಅಂದ ಅಂಕಲ್ ಆಸ್ಪತ್ರೆ ಮುಟ್ಟಲಿಲ್ಲ. ಆವತ್ತು ಅಮ್ಮನ ಡಯಾಲಿಸಿಸ್ ದಿನ. ಡಯಾಲಿಸಿಸ್ ಯಾರ ಸಾವಿಗೂ ಕಾಯುವುದಿಲ್ಲ. ಅಮ್ಮನನ್ನು ಬಿಟ್ಟು ಬಂದಾಗ ಅಂಕಲ್ ಅವರನ್ನು ಹೊಂಗೆ ಮರದ ಕೆಳಗೆ ಮಲಗಿಸಿದ್ದರು. ನಾನು ಗಾಡಿಯನ್ನು ಎದುರಿಗೆ, ಸ್ಕೂಟರಿನ ಪಕ್ಕ ಬಿಸಿಲಲ್ಲಿ ನಿಲ್ಲಿಸಿದೆ. ಅಳುವ ನೆಂಟರ ಮಧ್ಯೆ ಕೂತಿದ್ದ ಅಂಕಲ್ ಹೆಂಡತಿ, ಆಂಟಿ, ಅದನ್ನು ನೋಡಿಬಿಟ್ಟರು.

"ಗಾಡಿ ಬಿಸಿಲಲ್ಲಿದೆಯಲ್ಲಮ್ಮ. ಚಾರ್ಜಿಗೂ ಹಾಕಿಲ್ಲ. ಅಮ್ಮನ್ನ ಕರ್ಕೊಂಡ್ ಬರೋಕಾಗುತ್ತಾ?"

"ಆಗುತ್ತೆ ಆಂಟಿ" ಅಂದೆ. ಆ ಮನೆಗೆ ನಾನು ಹೇಳಿದ ಎರಡನೇ ಸುಳ್ಳು ಅದು.

ಟ್ಯಾಕ್ಸಿಯಲ್ಲಿ ಅಮ್ಮನನ್ನು ಕರೆತರುವಷ್ಟರಲ್ಲಿ ಅವರನ್ನು ಎತ್ತಿಕೊಂಡು ಹೋಗಿದ್ದರು. ಎತ್ತುವಾಗ ಕೊನೇ ಸಲ ಮುಖ ನೋಡುವುದೂ ಆಗಲಿಲ್ಲ. ಮರದ ಕೆಳಗಿನ ನೆಲ ತೊಳೆದಿದ್ದರು, ಇನ್ನೂ ಒದ್ದೆ ಇತ್ತು. ಅಮ್ಮನನ್ನು ಮೇಲೆ ಮಲಗಿಸಿ ಬಂದು ಗೇಟಿನ ಹತ್ತಿರ ಸುಮ್ಮನೆ ನಿಂತೆ. ಒಳಗಿನಿಂದ ಆಂಟಿ, "ನಿಲ್ಸಮ್ಮ ಗಾಡೀನ, ನಾಡಿದ್ದು ಮತ್ತೆ ಹೋಗ್ಬೇಕಲ್ಲ" ಅಂದರು. ಬಾನೆಟ್ಟು ಮುಟ್ಟಿ ನೋಡಿದೆ, ಕೆಂಡವಾಗಿತ್ತು. ತಂದು ಅವರ ಜಾಗದಲ್ಲಿ ನಿಲ್ಲಿಸಿ, ಅವರು ಹೇಳಿದ ಹಾಗೆ ಒಂದು ಗಂಟೆ ಕಾದೆ.